ಕಾರಿನ ಹಿಂದೆ ಫಾಗ್ ಲೈಟ್ ಹಾಕಿಸಿದವರು ಅನುಭವ ಹೇಳಿ

ಯಲಹಂಕ ಬೆಳಗಿನ ಶಿಫ್ಟ್:
ನನ್ನದು 2015ರ ಸ್ವಿಫ್ಟ್. ದಿನಾ ಬೆಳಿಗ್ಗೆ ನಾಲ್ಕೂವರೆಗೆ ಮನೆ ಬಿಟ್ಟು ದೇವನಹಳ್ಳಿ ಕಡೆ ಡ್ಯೂಟಿಗೆ ಹೋಗುತ್ತೇನೆ. ಡಿಸೆಂಬರ್, ಜನವರಿಯಲ್ಲಿ ಏರ್‌ಪೋರ್ಟ್ ರೋಡ್ ಹೇಗಿರುತ್ತದೆ ಅಂತ ಗೊತ್ತಲ್ವಾ. ಹೋದ ವಾರ ಮಂಜಿನಲ್ಲಿ ಒಂದು ಟೆಂಪೊ ಕಿರ್ರ್ ಅಂತ ಬ್ರೇಕ್ ಹಾಕಿ ನನ್ನ ಬಂಪರಿಗೆ ಒಂದು ಗೇಣು ದೂರದಲ್ಲಿ ನಿಂತಿತು. ಡ್ರೈವರ್ ಇಳಿದು ಬಂದು "ನಿಮ್ಮ ಗಾಡಿ ಕಾಣಲೇ ಇಲ್ಲ ಸರ್" ಅಂದ. ಹಿಂದೆ ಕೆಂಪು ಫಾಗ್ ಲೈಟ್ ಹಾಕಿಸೋಣ ಅಂತಿದ್ದೇನೆ. ಎಷ್ಟಾಗುತ್ತದೆ, ಎಲ್ಲಿ ಮಾಡಿಸಬಹುದು, ಪೊಲೀಸರು ಹಿಡಿಯುತ್ತಾರಾ? ಮಾಡಿಸಿದವರು ಹೇಳಿ.

ಬನಶಂಕರಿ ಥರ್ಡ್ ಸ್ಟೇಜ್:
ಬೇಡ ಗುರೂ. ಮಾಡಿಸಿ ಕೆಟ್ಟವನು ನಾನು. ಜೆಸಿ ರೋಡಿನಲ್ಲಿ ಬಂಪರ್ ರಿಫ್ಲೆಕ್ಟರ್ ಜಾಗದಲ್ಲಿ ಕೂರುವ ಎಲ್‌ಇಡಿ ಜೋಡಿ ತಗೊಂಡೆ. 1,200 ಅಂದ, 850ಕ್ಕೆ ಇಳಿದ. ಫಿಟ್ಟಿಂಗ್ 200. ಹುಡುಗ ಇಪ್ಪತ್ತೇ ನಿಮಿಷದಲ್ಲಿ ಮುಗಿಸಿದ. ನಾನು ಎದುರಿಗೆ ಟೀ ಕುಡಿಯುತ್ತಾ ನಿಂತಿದ್ದೆ, ಏನು ಮಾಡಿದ ಅಂತ ಬಗ್ಗಿ ನೋಡಲಿಲ್ಲ, ಅದು ನನ್ನ ತಪ್ಪು. ಟೇಲ್ ಲೈಟ್ ವೈರಿಗೆ ಕಚ್ಚಿಕೊಳ್ಳುವ ನೀಲಿ ಕ್ಲಿಪ್ ಹಾಕಿ, ಮೇಲೆ ಎರಡು ಸುತ್ತು ಟೇಪ್ ಸುತ್ತಿ ಬಿಟ್ಟಿದ್ದ.

ಜುಲೈನಲ್ಲಿ ಸಕಲೇಶಪುರದಿಂದ ವಾಪಸ್ ಬರುವಾಗ ರಾತ್ರಿ, ಮಳೆ. ಹಾಸನ ದಾಟಿದ್ದೇ ತಡ ಸ್ಪೀಡೋಮೀಟರ್ ಒಳಗಿನ ಲೈಟ್ ಫಟ್ ಅಂತ ಆರಿತು. ಮೀಟರ್ ಬಲ್ಬ್ ಹೋಗಿರಬೇಕು ಅಂತ ಸುಮ್ನೆ ಓಡಿಸಿದೆ. ಚನ್ನರಾಯಪಟ್ಟಣದ ಹತ್ತಿರ ನಿಲ್ಲಿಸಿದಾಗ ಹೆಂಡತಿ ಹಿಂದೆ ಹೋಗಿ ಕೂಗಿದಳು. ಟೇಲ್ ಲೈಟ್ ಎರಡೂ ಇಲ್ಲ, ನಂಬರ್ ಪ್ಲೇಟ್ ಲೈಟೂ ಇಲ್ಲ. ಎಲ್ಲಕ್ಕೂ ಒಂದೇ ಫ್ಯೂಸ್. ಅಷ್ಟು ದೂರ ಹಿಂದೆ ಮಿಣುಕು ಬೆಳಕೂ ಇಲ್ಲದೆ ಬಂದಿದ್ದೆವು, ಮಗು ಹಿಂದಿನ ಸೀಟಿನಲ್ಲಿ ಮಲಗಿತ್ತು. ಹೊಸ ಫ್ಯೂಸ್ ಹಾಕಿದೆ, ಅದೂ ಸುಟ್ಟಿತು. ಕ್ಲಿಪ್ ಕಿತ್ತ ಮೇಲೆ ನಿಂತಿತು.

ಲೆಕ್ಕ ಕೇಳಿ. ಲೈಟು, ಫಿಟ್ಟಿಂಗ್ 1,050. ಊರಿಗೆ ಬಂದ ಮೇಲೆ ಎಲೆಕ್ಟ್ರಿಷಿಯನ್ 1,400. ಕಂಪನಿ ರಿಫ್ಲೆಕ್ಟರ್ ಮತ್ತೆ ತಂದಿದ್ದು 460. ಮುರಿದ ಬಂಪರ್ ಕ್ಲಿಪ್ ಎಂಟು, ಒಂದಕ್ಕೆ 25, ಅಲ್ಲಿಗೆ 200. ಒಟ್ಟು 3,110. ಇಷ್ಟಾಗಿ ಅದು ಫಾಗ್ ಲೈಟೇ ಅಲ್ಲ! ಟೇಲ್ ಲೈಟ್ ಜೊತೆ ಮಂಕಾಗಿ ಉರಿಯುತ್ತದೆ, ಬ್ರೇಕ್ ಒತ್ತಿದರೆ ಸ್ವಲ್ಪ ಜಾಸ್ತಿ, ಅಷ್ಟೇ. ಒಳಗೆ ರಿಫ್ಲೆಕ್ಟರೂ ಇರಲಿಲ್ಲ, ಬರೀ ಕೆಂಪು ಪ್ಲಾಸ್ಟಿಕ್. ಗಾಡಿ ರಸ್ತೆ ಪಕ್ಕ ಆಫ್ ಆಗಿ ನಿಂತಾಗ ಬೇರೆಯವರ ಹೆಡ್‌ಲೈಟಿಗೆ ಹೊಳೆಯಬೇಕಾದ ವಸ್ತುವನ್ನು ಕಿತ್ತು ಅಂಗಡಿಯವನ ಡಬ್ಬಿಗೆ ಹಾಕಿ ಬಂದಿದ್ದೆ.

ರಿಲೇ ಕ್ಲಿಕ್:
ಕ್ಲಿಪ್ ಹಾಕಿಸಿಕೊಂಡವರಿಗೆ ಇದೇ ಗತಿ. ಲೈಟಿನ ತಪ್ಪಲ್ಲ. ನಾನು ನನ್ನ ಐ10ಗೆ ಸ್ವಂತ ಕೈಯಲ್ಲಿ ಮಾಡಿದ್ದೇನೆ. ಎರಡು ಭಾನುವಾರ ಹಿಡಿಯಿತು, ಇವತ್ತಿಗೆ ಮೂರು ವರ್ಷ, ಒಂದು ಫ್ಯೂಸ್ ಹೋಗಿಲ್ಲ.

ಒಂದೇ ಲೈಟ್, ಬಲಗಡೆ, ಬಂಪರ್ ಕೆಳಗೆ. ಎಡಗಡೆ ಗಾಡಿ ಓಡಿಸುವ ದೇಶದಲ್ಲಿ ಒಂದೇ ಹಾಕುವುದಾದರೆ ಬಲಗಡೆ ಅಥವಾ ನಡುವೆ ಇರಬೇಕು, ವಿಶ್ವಸಂಸ್ಥೆಯ 48ನೇ ನಂಬರ್ ನಿಯಮದಲ್ಲಿ ಹಾಗಿದೆ. ಬ್ರೇಕ್ ಲೈಟಿನಿಂದ 10 ಸೆಂಟಿಮೀಟರಿಗಿಂತ ದೂರ ಇರಬೇಕು, ಇಲ್ಲದಿದ್ದರೆ ಹಿಂದಿನವನಿಗೆ ಎರಡೂ ಸೇರಿ ಒಂದೇ ಉಂಡೆ ಥರ ಕಾಣುತ್ತದೆ, ಬ್ರೇಕ್ ಹಾಕಿದ್ದು ಗೊತ್ತಾಗಲ್ಲ. ನೆಲದಿಂದ 25 ಸೆಂಟಿಮೀಟರಾದರೂ ಮೇಲಿರಬೇಕು. ಟೇಪ್ ಹಿಡಿದು ಅಳೆದೆ, ನನ್ನದು 14 ಮತ್ತು 38. ಬಲ್ಬ್ 21 ವ್ಯಾಟ್. ಟೇಲ್ ಲೈಟ್ ಫಿಲಮೆಂಟ್ ಬರೀ 5 ವ್ಯಾಟ್, ಮಂಜಿನಲ್ಲಿ ಅದು ಕಾಣದೆ ಇದು ಕಾಣುವುದು ಅದಕ್ಕೇ. 12 ವೋಲ್ಟಿಗೆ 1.75 ಆಂಪಿಯರ್ ಎಳೆಯುತ್ತದೆ, 5 ಆಂಪಿಯರ್ ಫ್ಯೂಸ್ ಧಾರಾಳ. ಜನ 20 ಹಾಕುತ್ತಾರೆ, ಆಮೇಲೆ ಫ್ಯೂಸ್ ಬದಲು ವೈರ್ ಸುಡುತ್ತದೆ. ಬ್ಯಾಟರಿಯಿಂದ ಬೇರೆ ಲೈನ್, ಫ್ಯೂಸ್ ಆದ ಮೇಲೆ ರಿಲೇಯ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಮಾಡುವ ಸ್ವಿಚ್) 30ನೇ ಪಿನ್ನಿಗೆ, 87ರಿಂದ ಲೈಟಿಗೆ. 85 ಬಾಡಿಗೆ ಅರ್ತ್. 86ಕ್ಕೆ ಮುಂದಿನ ಫಾಗ್ ಲೈಟಿನ ವೈರ್, ನಡುವೆ ಸ್ವಿಚ್. ಮುಂದಿನದು ಹಾಕದೆ ಹಿಂದಿನದು ಹತ್ತುವುದೇ ಇಲ್ಲ, ಅದು ಆರಿದರೆ ಇದೂ ಆರುತ್ತದೆ. ಸ್ಟೀರಿಂಗ್ ಪಕ್ಕ ಸಣ್ಣ ಹಳದಿ ದೀಪ, ಮರೆಯಬಾರದು ಅಂತ.

ಒಂದೇ ಎಡವಟ್ಟು ಆಯಿತು, ಮುಚ್ಚಿಡಲ್ಲ. ಡಿಕ್ಕಿಯಿಂದ ವೈರ್ ಹೊರಗೆ ತರಲು ತೂತು ಕೊರೆದೆ. ತೂತಿನ ಅಂಚಿಗೆ ಕೂರಿಸುವ ರಬ್ಬರ್ ಬಳೆ, ಅಂದರೆ ಗ್ರೋಮೆಟ್, ಒಂದು ಸೈಜ್ ದೊಡ್ಡದು ಸಿಕ್ಕಿತು, ಇರಲಿ ಅಂತ ತುರುಕಿದೆ. ಎರಡು ತಿಂಗಳಾದ ಮೇಲೆ ಕಾರಿನಲ್ಲಿ ಒದ್ದೆ ನಾಯಿಯ ವಾಸನೆ. ಸ್ಟೆಪ್ನಿ ಎತ್ತಿ ನೋಡಿದರೆ ಗುಂಡಿಯಲ್ಲಿ ಮೂರು ಇಂಚು ನೀರು, ಜಾಕ್ ತುಕ್ಕು ಹಿಡಿದಿತ್ತು. ಸಿಲಿಕೋನ್ ಹಾಕಿ ಮುಚ್ಚಿದೆ. ಲೈಟ್ 640, ರಿಲೇ ಸಾಕೆಟ್ ಸಮೇತ 220, ವೈರ್ 280, ಸ್ವಿಚ್ 150, ಫ್ಯೂಸ್ ಹೋಲ್ಡರ್ 60, ಗ್ರೋಮೆಟ್ ಎರಡು ಸಲ ಸೇರಿ 30, ಸಿಲಿಕೋನ್ 190. ಒಟ್ಟು 1,570. ಬನಶಂಕರಿಯವರ ಅರ್ಧ.

ಬನಶಂಕರಿ ಥರ್ಡ್ ಸ್ಟೇಜ್:
ಜಾಕ್ ಎಷ್ಟಾಯಿತು ಸ್ವಾಮಿ? ಅದನ್ನು ಲೆಕ್ಕಕ್ಕೆ ಸೇರಿಸಲೇ ಇಲ್ಲ. ಡಿಕ್ಕಿಯಲ್ಲಿ ಕೆರೆ ಕಟ್ಟಿದವರು ನನ್ನ ಫ್ಯೂಸ್ ಬಗ್ಗೆ ಮಾತಾಡುತ್ತಾರೆ. ಎಲ್ಲರ ಮನೆಯಲ್ಲೂ ವೋಲ್ಟು, ಕರೆಂಟು ಅಳೆಯುವ ಮಲ್ಟಿಮೀಟರ್ ಇರಲ್ಲ.

ರಿಲೇ ಕ್ಲಿಕ್:
ಮಲ್ಟಿಮೀಟರ್ ಎಸ್‌ಪಿ ರೋಡಿನಲ್ಲಿ 250 ರೂಪಾಯಿ. ನಿಮ್ಮ ಬಂಪರ್ ಕ್ಲಿಪ್ ಖರ್ಚಿಗೆ ಇನ್ನೈವತ್ತು ಸೇರಿಸಿದ್ದರೆ ಬರುತ್ತಿತ್ತು.

ಎರಡು ಕ್ಲಿಕ್ ಪೋಲೊ:
ನನ್ನ ಪೋಲೊದಲ್ಲಿ ಕಂಪನಿಯದ್ದೇ ಇದೆ, ಹೆಡ್‌ಲೈಟ್ ಸ್ವಿಚ್ ಹೊರಗೆ ಎಳೆದರೆ ಮೊದಲ ಕ್ಲಿಕ್ಕಿಗೆ ಮುಂದಿನದು, ಎರಡನೇ ಕ್ಲಿಕ್ಕಿಗೆ ಹಿಂದಿನದು. ಖರ್ಚಿಲ್ಲ, ವೈರಿಂಗ್ ಇಲ್ಲ. ಆದರೆ ನೆಮ್ಮದಿಯೂ ಇಲ್ಲ. ಬಲಗಡೆ ಮಾತ್ರ ಉರಿಯುವುದರಿಂದ ಇಡೀ ಬೆಂಗಳೂರಿಗೆ ನನ್ನ ಒಂದು ಬಲ್ಬ್ ಹೋಗಿದೆ. ಮೇಖ್ರಿ ಸರ್ಕಲ್ ಸಿಗ್ನಲ್‌ನಲ್ಲಿ ಆಟೋದವರು ಗಾಜು ತಟ್ಟಿ ಹೇಳುತ್ತಾರೆ. ಹೆಬ್ಬಾಳದಲ್ಲಿ ಬೈಕಿನವನೊಬ್ಬ ಅರ್ಧ ಕಿಲೋಮೀಟರ್ ಹಿಂದೆ ಬಂದು "ಅಣ್ಣಾ, ಲೆಫ್ಟ್ ಲೈಟ್ ಹತ್ತಿಲ್ಲ" ಅಂದ. ಅಪಾರ್ಟ್‌ಮೆಂಟ್ ಸೆಕ್ಯುರಿಟಿ ಮೂರು ದಿನ ನೆನಪಿಸಿ, ನಾಲ್ಕನೇ ದಿನ ನನ್ನ ಮಾವನವರಿಗೆ ಹೇಳಿದ. ಅವರು ಗ್ಯಾರೇಜಿಗೆ ಗಾಡಿ ಬಿಟ್ಟು ಬಂದರು! ಅಲ್ಲಿನ ಹುಡುಗ ಎಡಗಡೆ ಹೋಲ್ಡರಿಗೆ ಬಲ್ಬ್ ಹಾಕಿ ನೋಡಿ, ಹತ್ತದೆ, ವೈರಿಂಗ್ ಕಟ್ಟಾಗಿದೆ ಅಂತ 2,800 ರೂಪಾಯಿ ಎಸ್ಟಿಮೇಟ್ ಬರೆದಿದ್ದ. ನಾನು ಆಫೀಸಿನಿಂದ ಓಡಿ ಹೋಗಿ ಗಾಡಿ ಬಿಡಿಸಿಕೊಂಡು ಬಂದೆ. ಚೆಕಿಂಗ್ ಚಾರ್ಜ್ ಅಂತ 350 ಕಿತ್ತುಕೊಂಡರು.

ಸ್ಟುಟ್‌ಗಾರ್ಟ್ ರಿಟರ್ನ್:
ಮಂಜಿಲ್ಲದಾಗ ಯಾಕೆ ಹಾಕಿದ್ದಿರಿ? ಸೆಕ್ಯುರಿಟಿ ನಾಲ್ಕು ದಿನ ನೋಡಿದ ಅಂದರೆ ನಾಲ್ಕು ದಿನವೂ ಉರಿಸಿದ್ದೀರಿ ಅಂತ ತಾನೇ? ನಾನು ಜರ್ಮನಿಯಲ್ಲಿ ಆರು ವರ್ಷ ಗಾಡಿ ಓಡಿಸಿದವನು. ಅಲ್ಲಿ ಮಂಜಿನಲ್ಲಿ 50 ಮೀಟರ್ ಮುಂದಕ್ಕೆ ಕಾಣದಿದ್ದರೆ ಮಾತ್ರ ಹಿಂದಿನ ಫಾಗ್ ಹಾಕಬಹುದು, ಹಾಕಿದ ಮೇಲೆ ಸ್ಪೀಡ್ 50 ದಾಟುವಂತಿಲ್ಲ. 50 ಮೀಟರ್ ಹೇಗೆ ಗೊತ್ತಾಗಬೇಕು? ರಸ್ತೆ ಪಕ್ಕದ ಬಿಳಿ ಗೂಟಗಳು 50 ಮೀಟರಿಗೆ ಒಂದರಂತೆ ಇರುತ್ತವೆ. ಮುಂದಿನ ಗೂಟ ಕಾಣದಿದ್ದರೆ ಹಾಕು, ಕಂಡರೆ ಆರಿಸು. ಹೋದ ವರ್ಷ ನೈಸ್ ರೋಡಿನಲ್ಲಿ ಬರೀ ತುಂತುರು ಮಳೆಗೆ ಒಬ್ಬ ಇದನ್ನು ಹಾಕಿಕೊಂಡು ನನ್ನ ಮುಂದೆ ಟೋಲ್‌ವರೆಗೂ ಬಂದ. ಒದ್ದೆ ಗಾಜಿನ ಮೇಲೆ ಆ ಕೆಂಪು ಹರಡಿಕೊಂಡು ಅವನು ಬ್ರೇಕ್ ಹಾಕಿದ್ದೇ ನನಗೆ ಕಾಣಲಿಲ್ಲ. ಬಾನೆಟ್ ಹೊಡೆದು 18,400 ಆಯಿತು. ಹಿಂದಿನಿಂದ ಗುದ್ದಿದ್ದು ನಾನು, ಹಾಗಾಗಿ ತಪ್ಪೂ ನನ್ನದೇ ಆಯಿತು. ಅವನ ಲೈಟನ್ನು ಯಾರೂ ಕೇಳಲಿಲ್ಲ.

ಎರಡು ಕ್ಲಿಕ್ ಪೋಲೊ:
ಬೇಕಂತ ಹಾಕಿದ್ದಲ್ಲ, ಸ್ವಿಚ್ ಎಳೆಯುವಾಗ ಎರಡನೇ ಕ್ಲಿಕ್ ಆಗಿಬಿಡುತ್ತದೆ. ಅದಿರಲಿ, ನೀವು ಗ್ಯಾಪ್ ಬಿಟ್ಟಿದ್ದರೆ ಬಾನೆಟ್ ಉಳಿಯುತ್ತಿತ್ತು. ಜರ್ಮನಿಯಲ್ಲಿ ಗ್ಯಾಪ್ ಬಿಡುವುದನ್ನು ಕಲಿಸಲಿಲ್ಲವಾ?

ಕೊಟ್ಟಿಗೆಹಾರ ನೀರ್ದೋಸೆ:
ಇಷ್ಟೆಲ್ಲ ಯಾಕೆ ಮಾರಾಯ್ರೆ. ನಾನು ಇರುವುದು ಆರ್.ಟಿ. ನಗರದಲ್ಲಿ, ತಿಂಗಳಿಗೊಮ್ಮೆ ಊರಿಗೆ ಹೋಗುವವನು, ಚಾರ್ಮಾಡಿ ಘಾಟಿ ಹತ್ತಿ ಇಳಿದು ಇಪ್ಪತ್ತು ವರ್ಷ ಆಯಿತು. ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ನಿಧಾನಕ್ಕೆ ಹೋಗುವುದು, ಮುಗಿಯಿತು. ಖರ್ಚು ಸೊನ್ನೆ. ಜೂನ್, ಜುಲೈನಲ್ಲಿ ನಮ್ಮ ಕಡೆ ಬನ್ನಿ, ಮಂಜು ಅಂದರೆ ಏನು ಅಂತ ತೋರಿಸುತ್ತೇನೆ. ಏರ್‌ಪೋರ್ಟ್ ರೋಡಿನಲ್ಲಿ ಇರುವುದು ಮಂಜಲ್ಲ, ಹೊಗೆ.

ರಿಲೇ ಕ್ಲಿಕ್:
ನಾಲ್ಕೂ ಹಾಕಿಕೊಂಡರೆ ತಿರುವಿನಲ್ಲಿ ಎಡಕ್ಕೆ ಹೋಗುತ್ತೀರಾ ಬಲಕ್ಕಾ ಅಂತ ಹಿಂದಿನವನಿಗೆ ಹೇಗೆ ಗೊತ್ತಾಗಬೇಕು? ಅದು ಕೆಟ್ಟು ನಿಂತ ಗಾಡಿಗೆ ಇರುವುದು. ನೀವು ನಿಂತಿದ್ದೀರಿ ಅಂದುಕೊಂಡು ಓವರ್‌ಟೇಕ್ ಮಾಡಲು ಬಲಕ್ಕೆ ಬರುತ್ತಾನೆ, ಎದುರಿಗೆ ಬಸ್ಸು.

ಕೊಟ್ಟಿಗೆಹಾರ ನೀರ್ದೋಸೆ:
ಘಾಟಿಯಲ್ಲಿ ಎಡ ಬಲ ಎಲ್ಲಿಂದ ಬಂತು? ರಸ್ತೆ ಎಲ್ಲಿಗೆ ಹೋಗುತ್ತದೋ ಅಲ್ಲಿಗೆ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಪ್ರಪಾತ. ಯಾವ ಕಡೆಗೆ ಇಂಡಿಕೇಟರ್ ಹಾಕಲಿ ಹೇಳಿ.

ಎಫ್‌ಸಿ ಸಂತ್ರಸ್ತ:
ಕಾನೂನು ಯಾರೂ ಹೇಳಲಿಲ್ಲ. ನಮ್ಮಲ್ಲಿ ಹಿಂದಿನ ಫಾಗ್ ಕಡ್ಡಾಯ ಅಲ್ಲ, ಯುರೋಪಿನಲ್ಲಿ ಕಡ್ಡಾಯ. ಕೇಂದ್ರ ಮೋಟಾರು ವಾಹನ ನಿಯಮ 1989ರ 108 ಓದಿ. ಮುಂದಕ್ಕೆ ಕೆಂಪು ತೋರಿಸಬಾರದು, ಹಿಂದಕ್ಕೆ ಕೆಂಪು ಬಿಟ್ಟು ಬೇರೆ ತೋರಿಸಬಾರದು, ರಿವರ್ಸ್ ಲೈಟ್, ನಂಬರ್ ಪ್ಲೇಟ್ ಲೈಟ್ ಥರದ್ದಕ್ಕೆ ಮಾತ್ರ ವಿನಾಯಿತಿ. ಇದನ್ನು ನಾನು ಕಲಿತದ್ದು ದುಡ್ಡು ಕೊಟ್ಟು. ನನ್ನದು 2007ರ ಗಾಡಿ, ಹದಿನೈದು ವರ್ಷ ಆಗಿತ್ತು, ಮರುನೋಂದಣಿ. 2022ರ ಏಪ್ರಿಲ್‌ನಿಂದ ಫೀಸ್ 600 ಇದ್ದದ್ದು 5,000 ಆಯಿತು, ನಾನು ಹೋಗಿದ್ದು ಮೇ ತಿಂಗಳು! ಡಿಕ್ಕಿ ಕೆಳಗೆ ಬಿಳಿ ಎಲ್‌ಇಡಿ ಪಟ್ಟಿ ಹಾಕಿಸಿದ್ದೆ, ಪಕ್ಕದಲ್ಲಿ ಒಂದು ಕೆಂಪು ಫಾಗ್. ಇನ್‌ಸ್ಪೆಕ್ಟರ್ ಎರಡನ್ನೂ ಕಿತ್ತು ತನ್ನಿ ಅಂದರು. ಬಿಳಿಯದ್ದು ಸರಿ, ನನ್ನ ತಪ್ಪು. ಕೆಂಪು ಯಾಕೆ ಅಂದರೆ "ಕಂಪನಿಯಿಂದ ಬಂದಿಲ್ಲವಲ್ಲ" ಅಂದರು. ಕಿತ್ತೆ, ಮೂರು ಸಲ ಅಲೆದೆ, ಮೂರು ರಜೆ ಹೋಯಿತು, ಬಂಪರಿನ ತೂತಿಗೆ ಪುಟ್ಟಿ, ಪೇಂಟ್ 2,200.

ಮೋಟಾರು ವಾಹನ ಆಕ್ಟಿನ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೂ ಕಂಪನಿ ಕೊಟ್ಟ ವಿವರಕ್ಕೂ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಸೆಕ್ಷನ್ ಬಂತು, ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5,000 ದಂಡ.

ರಿಲೇ ಕ್ಲಿಕ್:
ಆರ್‌ಸಿಯಲ್ಲಿ ಬಲ್ಬ್ ಎಷ್ಟು ಅಂತ ಬರೆದಿರುತ್ತಾರಾ? ಬಣ್ಣ, ಎಂಜಿನ್, ಸೀಟು, ತೂಕ. ಎಲ್ಲಿದೆ ಲೈಟು ತೋರಿಸಿ.

ಎಫ್‌ಸಿ ಸಂತ್ರಸ್ತ:
ನನಗೆ ಯಾಕೆ ತೋರಿಸಬೇಕು, ಇನ್‌ಸ್ಪೆಕ್ಟರಿಗೆ ತೋರಿಸಿ. ನಿಮ್ಮ ಐ10ಗೆ ಹದಿನೈದು ಆಗಲಿ, ಆಗ ಮಾತಾಡೋಣ.

ಸ್ಟುಟ್‌ಗಾರ್ಟ್ ರಿಟರ್ನ್:
2024ರ ಜುಲೈನಲ್ಲಿ ಕಣ್ಣು ಕುಕ್ಕುವ ಎಲ್‌ಇಡಿ ಹಾಕಿದವರ ಮೇಲೆ ಪೊಲೀಸರು ರಾಜ್ಯದಲ್ಲೆಲ್ಲ ಕೇಸ್ ಹಾಕಲು ಹೊರಟರಲ್ಲ, ಅದೆಲ್ಲ ಮುಂದಿನ ಲೈಟಿಗೆ. ಹಿಂದೆ ಕುಕ್ಕಿದರೆ ಕೇಳುವವರಿಲ್ಲ. ಇನ್ನೊಂದು ಜಾತಿ ಇದೆ. ಹೊಸ ಕಾರು, ಮುಂದೆ ಡಿಆರ್‌ಎಲ್ (ಹಗಲಲ್ಲೂ ತಾನಾಗಿ ಉರಿಯುವ ದೀಪ) ಜಗಜಗ ಅನ್ನುತ್ತದೆ, ಮೀಟರೂ ಸದಾ ಬೆಳಗುತ್ತದೆ, ಲೈಟ್ ಹಾಕಿದ್ದೇನೆ ಅಂತ ಅವನ ನಂಬಿಕೆ. ಹಿಂದೆ ಪೂರ್ತಿ ಕತ್ತಲು. ಡಿಆರ್‌ಎಲ್ ಉರಿದರೆ ಟೇಲ್ ಲೈಟ್ ಉರಿಯಲ್ಲ ಅಂತ ಶೋರೂಮಿನಲ್ಲಿ ಒಬ್ಬನೂ ಹೇಳಲ್ಲ.

ಯಲಹಂಕ ಬೆಳಗಿನ ಶಿಫ್ಟ್:
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಸಂಜೆ ಲೈಟ್ ಹಾಕಿ ಗೋಡೆಗೆ ಹಿಂದು ಮಾಡಿ ನಿಲ್ಲಿಸಿ ನೋಡಿದೆ. ನನ್ನ ಬಲಗಡೆ ಟೇಲ್ ಲೈಟ್ ಉರಿಯುತ್ತಲೇ ಇಲ್ಲ, ಬ್ರೇಕ್ ಒತ್ತಿದರೆ ಮಾತ್ರ ಹತ್ತುತ್ತದೆ. ಡಬಲ್ ಫಿಲಮೆಂಟಿನಲ್ಲಿ ಒಂದು ಹೋಗಿದೆ. ಎಡಗಡೆಯದ್ದರ ಒಳಗೆ ಮಣ್ಣು, ಬೆಳಕು ಬೀಡಿ ತುದಿಯಷ್ಟು. ಬಲ್ಬ್ 40 ರೂಪಾಯಿ, ಹಾಕಿದೆ. ಈಗಲೂ ಫಾಗ್ ಲೈಟ್ ಬೇಕಾ, ಏನಂತೀರಿ?

ಕೊಟ್ಟಿಗೆಹಾರ ನೀರ್ದೋಸೆ:
ಪ್ರಪಾತದ ಪ್ರಶ್ನೆಗೆ ರಿಲೇಯವರು ಉತ್ತರ ಕೊಟ್ಟಿಲ್ಲ.

ರಿಲೇ ಕ್ಲಿಕ್:
ಕೊಟ್ಟಿದ್ದೇನೆ, ನೀವು ಓದಿಲ್ಲ. ಕೆಟ್ಟು ನಿಂತ ಗಾಡಿಗೆ. ಅಷ್ಟೇ.

ಎರಡು ಕ್ಲಿಕ್ ಪೋಲೊ:
ಬನಶಂಕರಿಯವರೇ, ಆ ರಿಫ್ಲೆಕ್ಟರ್ ಎಲ್‌ಇಡಿ ಜೋಡಿ 850ಕ್ಕೆ ತಗೊಂಡಿರಾ? ನನ್ನ ಭಾಮೈದ ಅದೇ ಜೆಸಿ ರೋಡಿನಲ್ಲಿ ಅದೇ ಜೋಡಿ 550ಕ್ಕೆ ತಂದ, ಫಿಟ್ಟಿಂಗ್ ಸೇರಿ.

ಬನಶಂಕರಿ ಥರ್ಡ್ ಸ್ಟೇಜ್:
ಸಾಧ್ಯವೇ ಇಲ್ಲ. ಯಾವ ಅಂಗಡಿ? ಯಾವಾಗ ತಂದದ್ದು? ಬಿಲ್ ಇದೆಯಾ?