ನಾಲ್ಕು ವರ್ಷದ ಮಗಳು, ಹೊಸ ಊರು, ಮೂರು ಖಾಸಗಿ ಶಾಲೆ: ಏನು ನೋಡಿ ಆರಿಸಬೇಕು?

ಪುಟ್ಟಿಯಮ್ಮ

ಎಲ್ಲರಿಗೂ ನಮಸ್ಕಾರ. ಯಜಮಾನರಿಗೆ ವರ್ಗ ಆಗಿದೆ, ಇನ್ನು ಹತ್ತು ವಾರದಲ್ಲಿ ಮನೆ ಖಾಲಿ ಮಾಡಿ ಹೊರಡಬೇಕು. ಸಾಮಾನು, ಬಾಡಿಗೆ ಮನೆ, ಅದೆಲ್ಲ ಹೇಗೋ ಆಗುತ್ತದೆ. ನನ್ನ ತಲೆಯಲ್ಲಿ ಕೂತಿರುವುದು ಮಗಳ ಶಾಲೆ ಒಂದೇ.

ಅವಳಿಗೆ ನಾಲ್ಕು ವರ್ಷ ಎರಡು ತಿಂಗಳು. ಈಗಿನ ಶಾಲೆಗೆ ಹೊಂದಿಕೊಳ್ಳುವುದಕ್ಕೇ ಆರು ವಾರ ಬೇಕಾಯಿತು. ದಿನಾ ಗೇಟಿನ ಹತ್ತಿರ ಅತ್ತು, ನಾನೂ ಮನೆಗೆ ಬಂದು ಅತ್ತು, ಈಗ ಬೆಳಿಗ್ಗೆ ತಾನೇ ಬ್ಯಾಗ್ ಹಾಕಿಕೊಂಡು ಬಾಗಿಲಲ್ಲಿ ನಿಲ್ಲುತ್ತಾಳೆ. ಇಂಥ ಹೊತ್ತಿನಲ್ಲಿ ಅಲ್ಲಿಂದ ಕಿತ್ತುಕೊಂಡು ಹೋಗಬೇಕಲ್ಲಾ ಅಂತ ಸಂಕಟ.

ಫೋನಿನಲ್ಲಿ ವಿಚಾರಿಸಿ ಮೂರು ಶಾಲೆಗೆ ತಂದು ನಿಲ್ಲಿಸಿದ್ದೇವೆ. ಒಂದು ದೊಡ್ಡ ಶಾಲೆ, ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್) ಅನ್ನುವ ಅಂತರರಾಷ್ಟ್ರೀಯ ಪಠ್ಯಕ್ರಮ, ಈಜುಕೊಳ ಇದೆ, ಆದರೆ ಬಸ್ಸಿನಲ್ಲಿ ಐವತ್ತು ನಿಮಿಷ. ಇನ್ನೊಂದು ಮಾಂಟೆಸ್ಸರಿ, ಮನೆಯಂಥ ಚಿಕ್ಕ ಕಟ್ಟಡ, ನಾವು ನೋಡಿರುವ ಬಾಡಿಗೆ ಮನೆಯಿಂದ ನಡೆದೇ ಹತ್ತು ನಿಮಿಷ. ಮೂರನೆಯದರಲ್ಲಿ ನಾಲ್ಕು ವರ್ಷಕ್ಕೇ ಪದಗಳನ್ನು ಬರೆಸುತ್ತಾರೆ, ಯಜಮಾನರ ಆಫೀಸಿನವರೆಲ್ಲ ಅದನ್ನೇ ಹೊಗಳುತ್ತಾರೆ. ಯಜಮಾನರಿಗೆ ಮೊದಲನೆಯದು ಇಷ್ಟ. ಒಂದು ಸಲ ಸೇರಿಸಿದರೆ ಮುಗಿಯಿತು, ಮುಂದೆ ಬದಲಿಸುವ ತಾಪತ್ರಯ ಇಲ್ಲ ಅನ್ನುತ್ತಾರೆ. ನನಗೆ ತೀರ್ಮಾನಿಸಲು ಆಗುತ್ತಿಲ್ಲ.

ಅಲ್ಲಿಗೆ ಹೋಗಿ ಕಣ್ಣಾರೆ ನೋಡಲು ನಮಗೆ ಸಿಗುವುದು ಒಂದೇ ದಿನ. ಆ ಒಂದು ದಿನದಲ್ಲಿ ಏನು ನೋಡಬೇಕು, ಯಾರನ್ನು ಏನು ಕೇಳಬೇಕು? ಊರು ಬದಲಿಸಿದವರು ದಯವಿಟ್ಟು ಹೇಳಿ.

ಎರಡು ಸಲ ಮನೆ ಕಟ್ಟಿದವ

ಮೇಡಂ, ನಾನು ಇದೇ ತಪ್ಪು ಮಾಡಿದವನು, ಅದಕ್ಕೇ ಬರೆಯುತ್ತಿದ್ದೇನೆ. ಬಸ್ಸಿನ ಐವತ್ತು ನಿಮಿಷವನ್ನು ಮೊದಲು ನೋಡಿ, ಈಜುಕೊಳ ಆಮೇಲೆ.

ನನ್ನ ಮಗನಿಗೆ ಆಗ ನಾಲ್ಕೂವರೆ. ಶಾಲೆ ತುಂಬಾ ಒಳ್ಳೆಯದು, ಇವತ್ತಿಗೂ ಅದನ್ನು ದೂರುವುದಿಲ್ಲ. ಆದರೆ ಬಸ್ಸು ನಮ್ಮ ಮನೆಯ ಹತ್ತಿರ ಏಳು ಗಂಟೆಗೆ ಬರುತ್ತಿತ್ತು, ಅಂದರೆ ಮಗುವನ್ನು ಐದೂ ಮುಕ್ಕಾಲಿಗೆ ಎಬ್ಬಿಸಬೇಕು. ಮೂರರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ, ಮಧ್ಯಾಹ್ನದ ನಿದ್ದೆಯೂ ಸೇರಿ. ಲೆಕ್ಕ ಹಾಕಿ ನೋಡಿ. ಐದೂ ಮುಕ್ಕಾಲಿಗೆ ಏಳಬೇಕು ಅಂದರೆ ರಾತ್ರಿ ಏಳೂ ಮುಕ್ಕಾಲಿಗೆ ಮಲಗಿದರೂ ಸರಿಯಾಗಿ ಹತ್ತೇ ಗಂಟೆ. ನಾನು ಆಫೀಸಿನಿಂದ ಬರುವುದೇ ಎಂಟಕ್ಕೆ. ಹಾಗಾಗಿ ಅಪ್ಪನ ಮುಖ ನೋಡಬೇಕು ಅಂದರೆ ಅವನು ನಿದ್ದೆ ಬಿಡಬೇಕು, ನಿದ್ದೆ ಮಾಡಬೇಕು ಅಂದರೆ ಅಪ್ಪನನ್ನು ಬಿಡಬೇಕು. ವಾಪಸ್ ಬರುವಾಗ ಬಸ್ಸಿನಲ್ಲೇ ನಿದ್ದೆ ಹೋಗುತ್ತಿದ್ದ, ನಮ್ಮ ಸ್ಟಾಪಿನಲ್ಲಿ ಎಬ್ಬಿಸಿದ ಕೂಡಲೇ ಅಳು. ಹೊಸ ಊರಿಗೆ ಒಗ್ಗುತ್ತಿಲ್ಲ ಅಂದುಕೊಂಡು ಡಾಕ್ಟರ ಹತ್ತಿರವೂ ಹೋದೆವು. ನಾಲ್ಕು ತಿಂಗಳ ನಂತರ ಹತ್ತಿರದ ಒಂದು ಸಾಧಾರಣ ಶಾಲೆಗೆ ಹಾಕಿದೆವು. ಎರಡೇ ವಾರದಲ್ಲಿ ಹಳೆಯ ಹುಡುಗ ಮನೆಗೆ ಬಂದ.

ಇನ್ನೊಂದು ಮಾತು. ಸಾಧ್ಯ ಇದ್ದರೆ ಮೊದಲು ಶಾಲೆ ನೋಡಿ, ಆಮೇಲೆ ಮನೆ ಹಿಡಿಯಿರಿ. ನಾವು ಉಲ್ಟಾ ಮಾಡಿದೆವು. ಕಂಪನಿ ಕೊಡುವ ತಾತ್ಕಾಲಿಕ ವಸತಿಯಲ್ಲಿ ಮೊದಲ ತಿಂಗಳು ಇರುತ್ತೀರಾದರೆ ಅದರ ಪಕ್ಕದ ಶಾಲೆಗೆ ಸೇರಿಸಬೇಡಿ, ಇಲ್ಲದಿದ್ದರೆ ಮಗುವಿಗೆ ಎರಡು ಸಲ ಹೊಸ ಶಾಲೆ ಆಗುತ್ತದೆ.

ಮರಳು ತೊಟ್ಟಿ

ನಾನು ಹದಿನಾಲ್ಕು ವರ್ಷದಿಂದ ಮೂರರಿಂದ ಆರು ವರ್ಷದ ಮಕ್ಕಳಿಗೆ ಟೀಚರ್. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಪುಟ್ಟಿಯಮ್ಮ, ನಿಮ್ಮ ಮಗಳು ಒಂದೇ ಸಲ ಮನೆ, ಬೀದಿ, ಗೆಳತಿಯರು, ಮಿಸ್ಸು ಎಲ್ಲ ಕಳೆದುಕೊಂಡು ಬರುತ್ತಾಳೆ. ಅವಳಿಗೆ ಬೇಕಾಗಿರುವುದು ಪಠ್ಯಕ್ರಮ ಅಲ್ಲ, ಒಬ್ಬ ಮನುಷ್ಯ. ದಿನಾ ಅದೇ ಮುಖ, ಅದೇ ದನಿ. ಹಾಗಾಗಿ ಮೂರೂ ಶಾಲೆಯಲ್ಲಿ ಮೊದಲ ಪ್ರಶ್ನೆ ಇದಾಗಿರಲಿ: ನನ್ನ ಮಗಳು ಕೂರುವ ತರಗತಿಯ ಟೀಚರ್ ಯಾರು, ಇಲ್ಲಿಗೆ ಬಂದು ಎಷ್ಟು ವರ್ಷ ಆಯಿತು, ವರ್ಷದ ಕೊನೆಯವರೆಗೂ ಇರುತ್ತಾರಾ? ಪ್ರಿನ್ಸಿಪಾಲರು ಶಾಲೆಯ ಬಗ್ಗೆ ಅರ್ಧ ಗಂಟೆ ಮಾತಾಡಿ ಈ ಪ್ರಶ್ನೆಗೆ ಮಾತ್ರ ಉತ್ತರ ಕೊಡದಿದ್ದರೆ ಅಲ್ಲಿ ಟೀಚರುಗಳು ನಿಲ್ಲುತ್ತಿಲ್ಲ ಅಂತಲೇ ತಿಳಿಯಿರಿ. ಕಳೆದ ವರ್ಷದ ಟೀಚರುಗಳಲ್ಲಿ ಈಗ ಎಷ್ಟು ಜನ ಇದ್ದಾರೆ ಅಂತಲೂ ಕೇಳಿ. ಆ ಟೀಚರ್ ಜೊತೆ ಹತ್ತು ನಿಮಿಷ ಮಾತಾಡಲು ಬಿಡುತ್ತೀರಾ ಅಂತಲೂ ಕೇಳಿ.

ಎರಡನೆಯದು, ನೀವು ಹೋಗುವ ಹೊತ್ತು. ಅಡ್ಮಿಷನ್‌ನವರು ಬೆಳಿಗ್ಗೆ ಹನ್ನೊಂದಕ್ಕೆ ಕರೆದು ಸುತ್ತಾಡಿಸುತ್ತಾರೆ, ಎಲ್ಲ ಚೆನ್ನಾಗಿ ಕಾಣುತ್ತದೆ. ಅದು ಮುಗಿದ ಮೇಲೆ ಶಾಲೆ ಬಿಡುವ ಹೊತ್ತಿಗೆ ಇನ್ನೊಂದು ಸಲ ಹೋಗಿ ಗೇಟಿನ ಹತ್ತಿರ ಸುಮ್ನೆ ನಿಲ್ಲಿ. ಮಕ್ಕಳು ಓಡಿಕೊಂಡು ಬರುತ್ತಾರಾ, ಬಾಯಿ ಮುಚ್ಚಿ ಸಾಲಾಗಿ ಬರುತ್ತಾರಾ? ಟೀಚರುಗಳು ಸುಸ್ತಾಗಿರುವ ಹೊತ್ತದು, ಆಗ ಮಕ್ಕಳ ಜೊತೆ ಯಾವ ದನಿಯಲ್ಲಿ ಮಾತಾಡುತ್ತಾರೆ ಕೇಳಿಸಿಕೊಳ್ಳಿ. ಅಳುವ ಮಗು ಸಿಕ್ಕಿದರೆ ಅದನ್ನೇ ನೋಡುತ್ತಾ ನಿಲ್ಲಿ. ದೊಡ್ಡವರು ಬಗ್ಗಿ ಅದರ ಮುಖದ ಎತ್ತರಕ್ಕೆ ಬಂದು ಮಾತಾಡಿದರೆ ನನ್ನ ಅರ್ಧ ಪರೀಕ್ಷೆ ಪಾಸ್. ಅಲ್ಲೇ ನಿಂತಿರುವ ಪೋಷಕರನ್ನು ‘ಶಾಲೆ ಹೇಗಿದೆ’ ಅಂತ ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ. ‘ಕೊನೆಯ ಸಲ ನೀವು ಏನಾದರೂ ದೂರು ಹೇಳಿದಾಗ ಏನು ಮಾಡಿದರು’ ಅಂತ ಕೇಳಿ.

ಒಬ್ಬ ಟೀಚರಿಗೆ ಎಷ್ಟು ಮಕ್ಕಳು ಅನ್ನುವುದು ಬಹಳ ಮುಖ್ಯ. ನನ್ನ ತರಗತಿಯಲ್ಲಿ ಹದಿನೆಂಟು ಮಕ್ಕಳಿಗೆ ನಾನು ಮತ್ತು ಒಬ್ಬ ಸಹಾಯಕಿ ಇದ್ದಾಗ ಎಲ್ಲ ಮಕ್ಕಳೂ ನನಗೆ ಗೊತ್ತಿದ್ದರು. ಇಪ್ಪತ್ತೇಳು ಆದ ವರ್ಷ, ಗಲಾಟೆ ಮಾಡುವ ಮಕ್ಕಳು ಗೊತ್ತಿದ್ದರು, ಮೂಲೆಯಲ್ಲಿ ಸುಮ್ಮನೆ ಕೂತ ಮಗು ಕಣ್ಣಿಗೆ ಬೀಳಲೇ ಇಲ್ಲ. ಹೊಸದಾಗಿ ಬಂದ ಮಗು ಸಾಮಾನ್ಯವಾಗಿ ಆ ಸುಮ್ಮನೆ ಕೂರುವ ಮಗುವೇ ಆಗಿರುತ್ತದೆ.

ಹೆಸರುಗಳ ಬಗ್ಗೆ ಒಂದು ಎಚ್ಚರಿಕೆ. ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮಿನಲ್ಲಿ ಮೊದಲ ಮಕ್ಕಳ ಮನೆ ಶುರು ಮಾಡಿದರು. ಆದರೆ ಆ ಹೆಸರನ್ನು ಯಾವ ಶಾಲೆಯಾದರೂ ಬೋರ್ಡಿನಲ್ಲಿ ಹಾಕಿಕೊಳ್ಳಬಹುದು, ತಡೆಯುವವರಿಲ್ಲ. ನಿಜವಾದದ್ದಾದರೆ ಮೂರರಿಂದ ಆರು ವರ್ಷದ ಮಕ್ಕಳು ಒಂದೇ ಕೋಣೆಯಲ್ಲಿ ಇರುತ್ತಾರೆ, ಸಾಮಗ್ರಿ ಮಕ್ಕಳ ಕೈಗೆಟುಕುವ ಕಪಾಟಿನಲ್ಲಿರುತ್ತದೆ, ಬೆಳಿಗ್ಗೆ ಎರಡು ಮೂರು ಗಂಟೆ ಕಾಲ ಬೆಲ್ ಬಾರಿಸದೆ ಅವರಷ್ಟಕ್ಕೆ ಕೆಲಸ ಮಾಡಲು ಬಿಡುತ್ತಾರೆ. ಟೀಚರ್ ಎಲ್ಲಿ ತರಬೇತಿ ಪಡೆದರು ಅಂತ ಕೇಳಲು ಸಂಕೋಚ ಬೇಡ. ಐಬಿಯಲ್ಲಿ ಚಿಕ್ಕ ಮಕ್ಕಳ ಪಠ್ಯಕ್ರಮಕ್ಕೆ ಪಿವೈಪಿ (ಪ್ರೈಮರಿ ಇಯರ್ಸ್ ಪ್ರೋಗ್ರಾಂ) ಅಂತಾರೆ, ಅದು 3ರಿಂದ 12 ವರ್ಷದವರಿಗೆ. ಶಾಲೆಗೆ ಮಾನ್ಯತೆ ಈಗಾಗಲೇ ಸಿಕ್ಕಿದೆಯಾ, ಇಲ್ಲಾ ಇನ್ನೂ ಅಭ್ಯರ್ಥಿ ಶಾಲೆಯಾ, ಅಂದರೆ ಮಾನ್ಯತೆಗೆ ಇನ್ನೂ ಪ್ರಯತ್ನಿಸುತ್ತಿರುವ ಶಾಲೆಯಾ ಅಂತ ಕೇಳಿ, ಎರಡೂ ಒಂದೇ ಅಲ್ಲ. ಮಾನ್ಯತೆ ಪಡೆದ ಶಾಲೆಗಳನ್ನು ಐಬಿಯವರ ವೆಬ್‌ಸೈಟಿನಲ್ಲೇ ಹುಡುಕಬಹುದು.

ಮೂರನೆಯ ಶಾಲೆಯ ಬರವಣಿಗೆ ನನಗೆ ಇಷ್ಟ ಆಗಲಿಲ್ಲ. ನಾಲ್ಕು ವರ್ಷದ ಬೆರಳು ಮಣ್ಣು ಕಲಸಿ, ಮಣಿ ಪೋಣಿಸಿ, ಕತ್ತರಿ ಹಿಡಿದು ಗಟ್ಟಿಯಾಗಬೇಕು. ಫಿನ್ಲೆಂಡಿನಲ್ಲಿ ಮಕ್ಕಳು ಒಂದನೇ ತರಗತಿಗೆ ಹೋಗುವುದೇ ಏಳು ತುಂಬುವ ವರ್ಷದಲ್ಲಿ, ಅದರಿಂದ ಆ ಮಕ್ಕಳೇನೂ ಹಿಂದೆ ಬಿದ್ದಿಲ್ಲ ಅಲ್ವಾ. ಆದರೂ ಅಲ್ಲಿನ ಟೀಚರ್ ಒಳ್ಳೆಯವರಾಗಿ, ಆಟಕ್ಕೂ ಧಾರಾಳವಾಗಿ ಸಮಯ ಇದ್ದರೆ, ಬರೆಸುತ್ತಾರೆ ಅನ್ನುವ ಒಂದೇ ಕಾರಣಕ್ಕೆ ತಳ್ಳಿಹಾಕಬೇಡಿ.

ಸೂಟ್‌ಕೇಸ್ ಸಂಸಾರ

ನಾನು ಯಜಮಾನರ ಪಕ್ಷ ಸ್ವಲ್ಪ ವಹಿಸುತ್ತೇನೆ. ನಮಗೆ ಎರಡು ಮೂರು ವರ್ಷಕ್ಕೊಮ್ಮೆ ವರ್ಗ. ದೊಡ್ಡ ಮಗಳಿಗೆ ಎಲ್ಲಿ ಹೋದರೂ ಒಂದೇ ಪಠ್ಯಕ್ರಮ ಸಿಕ್ಕಿದ್ದು ತುಂಬಾ ಅನುಕೂಲ ಆಯಿತು, ಅರ್ಧ ಕಲಿತ ಭಿನ್ನರಾಶಿಯನ್ನು ಇನ್ನೊಂದು ಊರಿನಲ್ಲಿ ಅಲ್ಲಿಂದಲೇ ಮುಂದುವರಿಸಿದಳು. ನಿಮಗೂ ಪದೇ ಪದೇ ವರ್ಗ ಇದೆ ಅನ್ನುವುದಾದರೆ ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. ಆದರೆ ಅದು ಎಂಟು ಒಂಬತ್ತು ವರ್ಷದ ಮೇಲಿನ ಮಾತು. ಚಿಕ್ಕವನಿಗೆ ನಾಲ್ಕು ವರ್ಷ ಇದ್ದಾಗ ನಾನೂ ಹತ್ತಿರದ ಶಾಲೆಗೇ ಕಳಿಸಿದೆ.

ನಮ್ಮ ಯಜಮಾನರು ಒಪ್ಪಿದ್ದು ಹೇಗೆ ಅಂದರೆ, ಒಂದು ದಿನ ಬೆಳಿಗ್ಗೆ ಬಸ್ಸು ಹೋಗುವ ದಾರಿಯಲ್ಲಿ ಅದೇ ಹೊತ್ತಿಗೆ ಕಾರಿನಲ್ಲಿ ಹೋಗಿ ಬಂದರು. ಶಾಲೆಯವರು ಮೂವತ್ತೈದು ನಿಮಿಷ ಅಂದಿದ್ದರು, ಐವತ್ತೆಂಟು ಆಯಿತು, ಅದೂ ಸ್ಟಾಪುಗಳಲ್ಲಿ ನಿಲ್ಲಿಸದೆ.

ಕಡತ

ಎಲ್ಲರೂ ಮಗುವಿನ ಮನಸ್ಸಿನ ಬಗ್ಗೆ ಚೆನ್ನಾಗಿ ಬರೆದಿದ್ದಾರೆ. ನಾನು ದುಡ್ಡು, ಕಾಗದ ಎರಡೇ ಹೇಳುತ್ತೇನೆ.

ಖಾಸಗಿ ಶಾಲೆ ಅಂದರೆ ಫಾರ್ಮಿಗೆ ಸಹಿ ಹಾಕಿದ ಕ್ಷಣದಿಂದ ಅದೊಂದು ಒಪ್ಪಂದ. ನಮಗೆ ವರ್ಗ ಎರಡು ತಿಂಗಳು ಮುಂದಕ್ಕೆ ಹೋಯಿತು, ಅಷ್ಟರಲ್ಲಿ ಪ್ರವೇಶ ಶುಲ್ಕ, ಒಂದು ಅವಧಿಯ ಫೀಸು ಎರಡೂ ಕಟ್ಟಿಯಾಗಿತ್ತು. ವಾಪಸ್ ಕೇಳಿದಾಗ ಫಾರ್ಮಿನ ಹಿಂದಿನ ಪುಟ ತೋರಿಸಿದರು, ಯಾವ ಕಾರಣಕ್ಕೂ ಹಿಂತಿರುಗಿಸುವುದಿಲ್ಲ ಅಂತ ಸಣ್ಣ ಅಕ್ಷರದಲ್ಲಿ ಇತ್ತು. ಓದದೆ ಸಹಿ ಹಾಕಿದ್ದು ನಾನೇ. ಆದ್ದರಿಂದ ಕಟ್ಟುವ ಮೊದಲೇ ಇಮೇಲಿನಲ್ಲಿ ಕೇಳಿ: ಡೆಪಾಸಿಟ್ ವಾಪಸ್ ಬರುತ್ತದಾ, ವರ್ಷದ ಮಧ್ಯೆ ಸೇರಿದರೆ ಇಡೀ ವರ್ಷದ ಫೀಸು ಕಟ್ಟಬೇಕಾ, ಬಿಡುವುದಾದರೆ ಎಷ್ಟು ದಿನ ಮೊದಲು ತಿಳಿಸಬೇಕು, ಬಸ್ಸು, ಸಮವಸ್ತ್ರ, ಪ್ರವಾಸಕ್ಕೆ ಬೇರೆ ಎಷ್ಟು. ಫೋನಿನಲ್ಲಿ ಹೇಳಿದ್ದು ಆಮೇಲೆ ಯಾರಿಗೂ ನೆನಪಿರುವುದಿಲ್ಲ. ವರ್ಗದ ಖರ್ಚಿನಲ್ಲಿ ಪ್ರವೇಶ ಶುಲ್ಕ ಸೇರುತ್ತದಾ ಅಂತ ಯಜಮಾನರ ಕಂಪನಿಯನ್ನೂ ಕೇಳಿ, ಕೆಲವು ಕಡೆ ಕೊಡುತ್ತಾರೆ, ಕೇಳಿದವರಿಗೆ ಮಾತ್ರ.

ವಯಸ್ಸಿನ ಕಟಾಫ್ ತಾರೀಖು ಮರೆಯಬೇಡಿ. ಒಂದೊಂದು ಕಡೆ ಒಂದೊಂದು ತಾರೀಖು. ಒಂದೇ ವಾರದ ವ್ಯತ್ಯಾಸಕ್ಕೆ ಮಗು ಒಂದು ತರಗತಿ ಕೆಳಗೆ ಹೋಗಬಹುದು. ಈ ವಯಸ್ಸಿನಲ್ಲಿ ಅದರಿಂದ ನಷ್ಟವೇನಿಲ್ಲ, ಆದರೆ ಮೊದಲೇ ಗೊತ್ತಿರಬೇಕು. ಜನನ ಪ್ರಮಾಣಪತ್ರ, ಲಸಿಕೆ ಕಾರ್ಡ್, ಈಗಿನ ಶಾಲೆಯ ಪತ್ರ ಮೂರನ್ನೂ ಕೈಚೀಲದಲ್ಲಿ ಇಟ್ಟುಕೊಳ್ಳಿ, ಲಾರಿಗೆ ಹಾಕುವ ಪೆಟ್ಟಿಗೆಯಲ್ಲಿ ಬೇಡ.

ಪುಟ್ಟಿಯಮ್ಮ

ಇಷ್ಟೊಂದು ಬರೆದಿದ್ದೀರಿ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬಸ್ಸಿನ ವಿಷಯ ಓದಿ ಯಜಮಾನರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಅವರು ಆಫೀಸಿನಿಂದ ಬರುವುದೂ ಎಂಟಕ್ಕೇ.

ಟೀಚರ್, ನಿಮ್ಮನ್ನು ಇನ್ನೊಂದು ಕೇಳಬೇಕು. ಅವಳಿಗೆ ಮನೆಮಾತು ಬಿಟ್ಟು ಬೇರೆ ಬಾರದು. ಅಲ್ಲಿ ಯಾರಿಗೂ ಅವಳ ಮಾತು ಅರ್ಥ ಆಗುವುದಿಲ್ಲ. ಒಂದಕ್ಕೆ ಹೋಗಬೇಕು ಅಂತ ಹೇಳಲೂ ಆಗದೆ ಬಟ್ಟೆ ಒದ್ದೆ ಮಾಡಿಕೊಂಡು ಎಲ್ಲರೆದುರು ನಿಂತರೆ ಅನ್ನುವ ಯೋಚನೆಗೇ ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ. ಈಗಿನಿಂದ ಮನೆಯಲ್ಲೂ ಅಲ್ಲಿನ ಶಾಲೆಯ ಭಾಷೆಯನ್ನೇ ಮಾತಾಡಲು ಶುರು ಮಾಡಲಾ?

ಮರಳು ತೊಟ್ಟಿ

ಬೇಡ ಬೇಡ. ಮನೆಯಲ್ಲಿ ಮನೆಮಾತೇ ಇರಲಿ. ಸುತ್ತಲಿನದೆಲ್ಲ ಬದಲಾಗುವಾಗ ಅಮ್ಮನ ಮಾತೂ ಬದಲಾದರೆ ಅವಳಿಗೆ ಉಳಿಯುವುದೇನು? ಒಂದು ಭಾಷೆ ಗಟ್ಟಿ ಇದ್ದರೆ ಎರಡನೆಯದು ಅದರ ಮೇಲೆಯೇ ನಿಲ್ಲುತ್ತದೆ.

ಮೊದಲ ಕೆಲವು ವಾರ, ಕೆಲವು ಮಕ್ಕಳಲ್ಲಿ ಕೆಲವು ತಿಂಗಳು, ಶಾಲೆಯಲ್ಲಿ ಬಾಯಿಯನ್ನೇ ಬಿಡದಿರಬಹುದು. ಹೆದರಬೇಡಿ. ಆ ಹೊತ್ತಿನಲ್ಲಿ ಕಿವಿ ಕೆಲಸ ಮಾಡುತ್ತಿರುತ್ತದೆ. ನನ್ನ ತರಗತಿಗೆ ಬಂದ ಒಂದು ಹುಡುಗಿ ಎರಡೂವರೆ ತಿಂಗಳು ಒಂದೂ ಮಾತಾಡಲಿಲ್ಲ. ಒಂದು ದಿನ ಪಕ್ಕದ ಹುಡುಗ ಅವಳ ಬಣ್ಣದ ಕಡ್ಡಿ ತೆಗೆದುಕೊಂಡ, ‘ಅದು ನನ್ನದು, ಕೊಡು’ ಅಂತ ಪೂರ್ತಿ ವಾಕ್ಯ ಹೇಳಿಬಿಟ್ಟಳು. ನನಗೆ ಕಣ್ಣಲ್ಲಿ ನೀರು. ಇಂಥ ಮಗುವನ್ನು ಮಾತಾಡು ಮಾತಾಡು ಅಂತ ಒತ್ತಾಯ ಮಾಡುವ ಟೀಚರ್ ಬೇಡ. ‘ಭಾಷೆ ಬಾರದ ಮಗು ಬಂದರೆ ಮೊದಲ ವಾರ ಏನು ಮಾಡುತ್ತೀರಿ’ ಅಂತ ಕೇಳಿದರೆ ಗೊತ್ತಾಗುತ್ತದೆ.

ಒಂದಕ್ಕೆ ಹೋಗುವುದಕ್ಕೆ ಮಾತೇ ಬೇಡ. ಒಂದು ಕೈಸನ್ನೆ ಇಟ್ಟುಕೊಳ್ಳಿ, ಮನೆಯಲ್ಲಿ ದಿನಾ ಆಟದ ಹಾಗೆ ಅಭ್ಯಾಸ ಮಾಡಿಸಿ. ಅದನ್ನೂ ಅವಳು ಮನೆಯಲ್ಲಿ ಬಳಸುವ ಐದಾರು ಪದಗಳನ್ನೂ, ನೀರು, ನೋವು, ಅಮ್ಮ ಯಾವಾಗ ಬರುತ್ತಾಳೆ, ಇಂಥವನ್ನು ಉಚ್ಚಾರದ ಸಮೇತ ಚೀಟಿಯಲ್ಲಿ ಬರೆದು ಟೀಚರಿಗೂ ಸಹಾಯಕಿಗೂ ಕೊಡಿ. ಆ ಚೀಟಿಯನ್ನು ಯಾರು ಆಸೆಯಿಂದ ತೆಗೆದುಕೊಳ್ಳುತ್ತಾರೆ ನೋಡಿ. ಬ್ಯಾಗಿನಲ್ಲಿ ಒಂದು ಜೊತೆ ಬಟ್ಟೆ ಹಾಕಿಡಿ. ಶೌಚಾಲಯ ಎಲ್ಲಿದೆ, ಬಾಗಿಲು ಅವಳ ಕೈಗೆ ತೆರೆಯುತ್ತದಾ, ನಲ್ಲಿ ಎಟುಕುತ್ತದಾ ಅಂತ ಮೊದಲ ದಿನಕ್ಕೆ ಮುಂಚೆ ಅವಳನ್ನೇ ಕರೆದುಕೊಂಡು ಹೋಗಿ ತೋರಿಸಿ.

ಪುಟ್ಟಿಯಮ್ಮ

ಕೈಸನ್ನೆ ಇವತ್ತೇ ಶುರು ಮಾಡಿದೆವು, ಎರಡು ಬೆರಳು ಗಲ್ಲಕ್ಕೆ. ಅವಳೇ ಆರಿಸಿದ್ದು. ಊಟದ ಹೊತ್ತಿನಲ್ಲಿ ಅಪ್ಪನಿಗೂ ಕಲಿಸಿಕೊಟ್ಟಳು.

ಮೂರನೆಯ ಶಾಲೆ ಸದ್ಯಕ್ಕೆ ಬಿಟ್ಟಿದ್ದೇವೆ. ಮುಂದಿನ ಶುಕ್ರವಾರ ಹೋಗುತ್ತಿದ್ದೇವೆ, ಬೆಳಿಗ್ಗೆ ಬಸ್ಸಿನ ದಾರಿಯಲ್ಲಿ ಯಜಮಾನರೇ ಕಾರು ಓಡಿಸಿ ನೋಡುತ್ತಾರಂತೆ, ಅವರಾಗಿಯೇ ಹೇಳಿದರು. ಸಂಜೆ ಮಾಂಟೆಸ್ಸರಿಯ ಗೇಟಿನ ಹತ್ತಿರ ನಿಲ್ಲುತ್ತೇನೆ, ಚೀಟಿ ನನ್ನ ಕೈಯಲ್ಲಿರುತ್ತದೆ.