ಮನೆತೋಟದ ಗುತ್ತಿಗೆ ಮತ್ತು ಏರುತ್ತಲೇ ಇರುವ ಬಿಲ್ಲು: ಪ್ರಶ್ನೋತ್ತರ

ನಿರ್ವಾಹಕರು: ತೋಟದ ಕೆಲಸಗಳ ಅಳತೆ ಮತ್ತು ಬಿಲ್ಲುಗಳನ್ನು ಪರಿಶೀಲಿಸುವ ಸಿವಿಲ್ ಇಂಜಿನಿಯರ್ ಮೇಡಂ ಅವರು ಈ ವಾರ ನಮ್ಮ ಪ್ರಶ್ನೆಗಳಿಗೆ ಉತ್ತರಿಸಲು ಒಪ್ಪಿದ್ದಾರೆ. ಯಾರೂ ತಮ್ಮ ಗುತ್ತಿಗೆದಾರರ ಹೆಸರನ್ನು ಇಲ್ಲಿ ಬರೆಯಬಾರದು. ಜಾಗದ ಅಳತೆ, ಒಪ್ಪಿದ ಮೊತ್ತ ಮತ್ತು ಈವರೆಗೆ ಕೊಟ್ಟ ಹಣ ಇವಿಷ್ಟನ್ನು ತಪ್ಪದೆ ತಿಳಿಸಿ.

ಮೈಸೂರು ಸದಸ್ಯೆ: ನಮಸ್ಕಾರ ಮೇಡಂ. ನಮ್ಮ ಮನೆಯ ಸುತ್ತಲಿನ 1,800 ಚದರಡಿ ಜಾಗದಲ್ಲಿ 1,200 ಚದರಡಿ ಹುಲ್ಲುಹಾಸು, 300 ಚದರಡಿ ಗಿಡದ ಪಾತಿ, ಉಳಿದದ್ದು ಕಲ್ಲುದಾರಿ. ಎಲ್ಲ ಸೇರಿ 3,20,000 ರೂಪಾಯಿ ಎಂದು ಒಂದು ಪುಟದ ಕೊಟೇಷನ್ ಕೊಟ್ಟಿದ್ದರು. ಈಗ 5,40,000 ಆಗುತ್ತದೆ ಎನ್ನುತ್ತಿದ್ದಾರೆ. ಕೆಮ್ಮಣ್ಣು 14 ಲೋಡು ಬಂತು, ಕೂಲಿ ಏರಿತು, ಕಲ್ಲು ಬದಲಾಯಿತು ಎಂಬುದು ಅವರು ಕೊಡುವ ಕಾರಣ. ಕಡಪ ಕಲ್ಲಿನ ಬದಲು ಸಾದಹಳ್ಳಿ ಕಲ್ಲು ಹಾಕಿ ಎಂದು ಕೇಳಿದ್ದು ನಾವೇ, ಅದನ್ನು ಒಪ್ಪುತ್ತೇನೆ. 2,60,000 ರೂಪಾಯಿ ಕೊಟ್ಟಾಗಿದೆ. ಉಳಿದದ್ದನ್ನು ಕೊಡಬೇಕೇ?

ಇಂಜಿನಿಯರ್: ಏರಿಕೆಯನ್ನು ಒಂದೇ ಮೊತ್ತವಾಗಿ ನೋಡಿದರೆ ಜಗಳ ಬಗೆಹರಿಯುವುದಿಲ್ಲ. ನೀವು ಕೇಳಿ ಬದಲಾಯಿಸಿದ ಕೆಲಸ, ಪ್ರಮಾಣ ಹೆಚ್ಚಾಯಿತೆನ್ನುವ ಕೆಲಸ ಮತ್ತು ದರ ಏರಿತೆನ್ನುವ ಬಾಬ್ತು ಎಂದು ಮೂರು ಕಡೆ ಬೇರ್ಪಡಿಸಿ ಬರೆದುಕೊಡುವಂತೆ ಅವರನ್ನೇ ಕೇಳಿ.

ಕಲ್ಲಿನ ವ್ಯತ್ಯಾಸ ನಿಮ್ಮದು, ಅದನ್ನು ಕೊಡಬೇಕು. ಆದರೆ ಕೊಡಬೇಕಾದದ್ದು ವ್ಯತ್ಯಾಸವನ್ನು ಮಾತ್ರ. ಹಾಕದೆ ಬಿಟ್ಟ ಕಡಪ ಕಲ್ಲಿನ ಬೆಲೆಯನ್ನು ಮೂಲ ಮೊತ್ತದಿಂದ ಕಳೆದಿದ್ದಾರೆಯೇ ನೋಡಿ. ನಾನು ನೋಡುವ ಬಿಲ್ಲುಗಳಲ್ಲಿ ಹೊಸ ಕಲ್ಲಿನ ಪೂರ್ತಿ ಬೆಲೆ ಸೇರಿರುತ್ತದೆ, ಹಳೆಯದರ ಕಡಿತ ಮಾತ್ರ ಕಾಣುವುದಿಲ್ಲ.

ಮಣ್ಣಿನ ಲೆಕ್ಕವನ್ನು ನೀವೇ ಮಾಡಬಹುದು. ಹುಲ್ಲಿಗೆ ಅರ್ಧ ಅಡಿ ಮಣ್ಣು ಸಾಕು. 1,200 ಚದರಡಿಗೆ 600 ಘನ ಅಡಿ. ಪಾತಿಗೆ ಒಂದೂವರೆ ಅಡಿ ಎಂದರೆ 450 ಘನ ಅಡಿ. ಸಡಿಲ ಮಣ್ಣು ನೀರು ಕುಡಿದು ಕುಗ್ಗುವುದಕ್ಕೆ ಕಾಲು ಭಾಗ ಸೇರಿಸಿದರೂ ಒಟ್ಟು 1,300 ಘನ ಅಡಿಯ ಆಸುಪಾಸಿನಲ್ಲೇ ಇರುತ್ತದೆ. ಟಿಪ್ಪರಿನಲ್ಲಿ 200 ಘನ ಅಡಿ ಹಿಡಿಯುವುದಾದರೆ ಏಳು ಲೋಡು. ನಿಮ್ಮ ಜಾಗ ಮೊದಲೇ ತಗ್ಗಿನಲ್ಲಿತ್ತೇ, ಕಟ್ಟಡದ ಕಸ ತೆಗೆದು ಮಣ್ಣು ತುಂಬಿಸಿದರೇ ಎಂಬುದನ್ನು ನೆನಪಿಸಿಕೊಳ್ಳಿ; ಹಾಗಿದ್ದರೆ 14 ಲೋಡಿಗೂ ಕಾರಣವಿರಬಹುದು. ಹಾಗಿಲ್ಲದಿದ್ದರೆ ಮಣ್ಣು ಬಂದದ್ದು ಟಿಪ್ಪರಿನಲ್ಲೋ ಟ್ರ್ಯಾಕ್ಟರಿನಲ್ಲೋ, ಅದರ ತೊಟ್ಟಿಯ ಉದ್ದ, ಅಗಲ, ಎತ್ತರ ಎಷ್ಟು ಎಂದು ಕೇಳಿ. ಲೋಡು ಎಂಬುದು ಅಳತೆಯಲ್ಲ. ಘನ ಅಡಿ ಅಳತೆ.

ಕೂಲಿಯ ವಿಷಯ. ಎಲ್ಲ ಸೇರಿ ಇಷ್ಟು ಎಂದು ಒಪ್ಪಿದ ಮೇಲೆ, ದರ ಏರಿದರೆ ಹೆಚ್ಚು ಕೊಡುತ್ತೇವೆ ಎಂಬ ಮಾತು ಬರಹದಲ್ಲಿ ಇಲ್ಲದಿದ್ದರೆ ಅದು ಅವರ ಹೊಣೆ. ಒಪ್ಪಂದವನ್ನು ಬದಲಾಯಿಸಲು ಇಬ್ಬರ ಒಪ್ಪಿಗೆಯೂ ಬೇಕು; 1872ರ ಕರಾರು ಕಾಯ್ದೆಯ 62ನೇ ಸೆಕ್ಷನ್ನಿನ ತಿರುಳು ಅದೇ. ಇಬ್ಬರೂ ನಿಂತು ಟೇಪು ಹಿಡಿದು ಅಳೆದು, ಆ ಹಾಳೆಗೆ ಇಬ್ಬರೂ ಸಹಿ ಹಾಕಿದ ಮೇಲೆ ಮುಂದಿನ ಹಣ ಕೊಡಿ.

ಹುಬ್ಬಳ್ಳಿ ಸದಸ್ಯ: ನಮಗೂ ಇದೇ ಆಗಿದೆ ಮೇಡಂ. ಎರಡು ಲಕ್ಷ ಎಂದವರು ಮೂರು ಕೇಳುತ್ತಿದ್ದಾರೆ. ಏನು ಮಾಡಬೇಕು?

ಇಂಜಿನಿಯರ್: ಮೇಲಿನ ಉತ್ತರವನ್ನು ಓದಿ. ಅಳತೆಯನ್ನು ಕಳುಹಿಸಿದರೆ ನೋಡುತ್ತೇನೆ.

ತುಮಕೂರು ಸದಸ್ಯ: ಎಲ್ಲರ ಗಮನಕ್ಕೆ. ನನಗೆ ಬಂದ ಸಂದೇಶವೊಂದನ್ನು ಹಂಚಿಕೊಳ್ಳುತ್ತಿದ್ದೇನೆ: ಕೊಟೇಷನ್ನಿಗಿಂತ ಶೇ. 10ಕ್ಕಿಂತ ಹೆಚ್ಚು ಕೇಳಿದರೆ ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ, ಕೊಟ್ಟಿರುವ ಚೆಕ್ಕನ್ನು ಬ್ಯಾಂಕಿಗೆ ಹೇಳಿ ತಡೆಹಿಡಿಯಬಹುದು, ಸ್ಟಾಂಪ್ ಪೇಪರ್ ಇಲ್ಲದ ಒಪ್ಪಂದಕ್ಕೆ ಬೆಲೆಯೇ ಇಲ್ಲ ಎಂದು ಅದರಲ್ಲಿದೆ.

ಇಂಜಿನಿಯರ್: ಮೂರೂ ತಪ್ಪು. ಶೇ. 10ರ ಕಾನೂನು ಇಲ್ಲ. ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ. ಅದನ್ನು ಸಾಬೀತುಪಡಿಸುವುದು ಕಷ್ಟ ಎಂಬುದು ಬೇರೆ ಮಾತು. ಚೆಕ್ಕಿನ ಸಲಹೆಯಂತೂ ಅಪಾಯಕಾರಿ. ಕೊಡಬೇಕಾದ ಹಣಕ್ಕೆ ಕೊಟ್ಟ ಚೆಕ್ಕನ್ನು ತಡೆಹಿಡಿದರೂ ಚೆಕ್ಕುಗಳಿಗೆ ಅನ್ವಯಿಸುವ ನೆಗೋಷಿಯಬಲ್ ಇನ್ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ನಿನ ಮೊಕದ್ದಮೆ ಬರಬಹುದು. ಅದರಲ್ಲಿ ಎರಡು ವರ್ಷಗಳವರೆಗೆ ಸೆರೆವಾಸ ಅಥವಾ ಚೆಕ್ಕಿನ ಮೊತ್ತದ ಎರಡರಷ್ಟರವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಬಿಲ್ಲಿನ ತಕರಾರಿನಲ್ಲಿ ನ್ಯಾಯ ನಿಮ್ಮ ಕಡೆ ಇದ್ದರೂ ಈ ಒಂದು ಕೆಲಸದಿಂದ ಆರೋಪಿಯ ಸ್ಥಾನದಲ್ಲಿ ನೀವೇ ನಿಲ್ಲುತ್ತೀರಿ. ದಯವಿಟ್ಟು ಇಂಥದ್ದನ್ನು ಹಂಚಬೇಡಿ.

ಸುರತ್ಕಲ್ ಸದಸ್ಯ: ಮೇಡಂ, ನಮ್ಮದು ಇಳಿಜಾರಿನ ಜಾಗ. ಮೇಲುಗಡೆ ತೋಟ ಮಾಡಲು ಧರೆಗೆ, ಅಂದರೆ ಕಡಿದ ಗುಡ್ಡದ ಬದಿಗೆ, 10 ಅಡಿ ಎತ್ತರದ ಮುರಕಲ್ಲಿನ (ಜಂಬಿಟ್ಟಿಗೆ) ಗೋಡೆ ಕಟ್ಟಿ, ಹಿಂದೆ ಮಣ್ಣು ತುಂಬಿ ಹುಲ್ಲು ಹಾಕಿದ್ದಾರೆ. ಗೋಡೆಯ ದಪ್ಪ ಒಂದೂವರೆ ಅಡಿ. 1,80,000 ಎಂದದ್ದು ಎರಡು ಸಲ ಏರಿ 2,70,000 ಆಯಿತು. ಮೊದಲ ಮಳೆಗೆ ಗೋಡೆಯ ನಡುಭಾಗ ಸ್ವಲ್ಪ ಹೊರಗೆ ಉಬ್ಬಿದೆ, ಮೇಲೆ ಹುಲ್ಲಿನಲ್ಲಿ ಉದ್ದಕ್ಕೆ ಸೀಳು ಕಾಣುತ್ತಿದೆ. ನೀರು ಹೋಗಲು ತೂತುಗಳಿಲ್ಲ. ಅದು ಕೊಟೇಷನ್ನಿನಲ್ಲಿ ಇರಲಿಲ್ಲ, ಮಾಡಿಸಬೇಕಾದರೆ ಇನ್ನೂ 90,000 ಬೇಕು ಎನ್ನುತ್ತಾರೆ. ಇದು ನ್ಯಾಯವೇ? ಗೋಡೆಯ ಕೆಳಗೆ ಪಕ್ಕದವರ ಅಡುಗೆಮನೆ ಇದೆ.

ಇಂಜಿನಿಯರ್: ಹಣದ ಪ್ರಶ್ನೆಯನ್ನು ಬದಿಗಿಡಿ. ಪಕ್ಕದ ಮನೆಯವರಿಗೆ ಈಗಲೇ ಹೋಗಿ ತಿಳಿಸಿ, ಆ ಅಡುಗೆಮನೆಯನ್ನೂ ಅದರ ಆಚೆಯ ಕೋಣೆಯನ್ನೂ ಬಳಸಬೇಡಿ ಎಂದು ಹೇಳಿ. ಇದನ್ನು ನಾಳೆಗೆ ಉಳಿಸಬೇಡಿ.

ಕಾರಣವನ್ನು ವಿವರಿಸುತ್ತೇನೆ, ಏಕೆಂದರೆ ಕರಾವಳಿಯಲ್ಲೂ ಮಲೆನಾಡಿನಲ್ಲೂ ಧರೆ ಕಡಿದು ತೋಟ ಮಾಡುವವರು ಈ ಗುಂಪಿನಲ್ಲಿ ಬಹಳ ಜನ ಇದ್ದಾರೆ. ತನ್ನ ತೂಕದಿಂದಲೇ ಮಣ್ಣನ್ನು ತಡೆಯುವ ಕಲ್ಲಿನ ಗೋಡೆಗೆ ಬುಡದಲ್ಲಿ ಎತ್ತರದ ಅರ್ಧಕ್ಕಿಂತ ಕಡಿಮೆ ಇಲ್ಲದ ಅಗಲ ಬೇಕು. 10 ಅಡಿಗೆ ಐದಾರು ಅಡಿ ಇರಬೇಕಾದಲ್ಲಿ ನಿಮಗೆ ಸಿಕ್ಕಿರುವುದು ಒಂದೂವರೆ ಅಡಿ. ಅದು ಕಾಂಪೌಂಡಿನ ಗೋಡೆ, ತಡೆಗೋಡೆಯಲ್ಲ. ಇನ್ನು ನೀರು. ಗೋಡೆಯ ಹಿಂದೆ 10 ಅಡಿ ಎತ್ತರಕ್ಕೆ ನೀರು ನಿಂತರೆ, ಪ್ರತಿ ಒಂದು ಮೀಟರ್ ಉದ್ದದ ಗೋಡೆಯ ಮೇಲೆ ನೀರೊಂದರಿಂದಲೇ ಬೀಳುವ ಒತ್ತಡ ಸುಮಾರು ನಾಲ್ಕೂವರೆ ಟನ್ ಆಗುತ್ತದೆ. ನೀರು ಹರಿದುಹೋಗುವ ಗೋಡೆಗೂ ನೀರು ನಿಲ್ಲುವ ಗೋಡೆಗೂ ಬೀಳುವ ಒಟ್ಟು ಒತ್ತಡದಲ್ಲಿ ಎರಡು ಪಟ್ಟಿನಷ್ಟು ವ್ಯತ್ಯಾಸ ಬರುತ್ತದೆ. ಅದಕ್ಕೇ ಒಂದೂವರೆ, ಎರಡು ಮೀಟರಿಗೊಂದು ಪೈಪು, ಅದರ ಹಿಂದೆ ಜಲ್ಲಿಯ ಪದರ, ಬುಡದಲ್ಲಿ ನೀರು ಹೊರಹೋಗಲು ಚರಂಡಿ ಇರಬೇಕು. ಸಾಲದ್ದಕ್ಕೆ ನಿಮ್ಮ ಕಡೆ ಗಟ್ಟಿಯಾದ ಮುರಕಲ್ಲಿನ ಪದರದ ಕೆಳಗೆ ಶೇಡಿ ಮಣ್ಣು ಇರುವುದುಂಟು. ಒಣಗಿದಾಗ ಅದು ಕಲ್ಲಿನಂತೆ ನಿಲ್ಲುತ್ತದೆ, ನೀರು ಕುಡಿದರೆ ಬಲ ಕಳೆದುಕೊಳ್ಳುತ್ತದೆ. ಮೇಲೆ ಹುಲ್ಲಿನಲ್ಲಿ ಕಂಡ ಸೀಳು ಮಣ್ಣು ಆಗಲೇ ಸರಿಯುತ್ತಿದೆ ಎಂದು ಹೇಳುತ್ತಿದೆ, ಮತ್ತು ಬೀಳುವ ಮಳೆಯೆಲ್ಲ ಅದರ ಮೂಲಕವೇ ಒಳಗೆ ಇಳಿಯುತ್ತದೆ.

ಇವತ್ತೇ ಮಾಡಬೇಕಾದದ್ದು ಇಷ್ಟು. ಆ ಹುಲ್ಲಿಗೆ ನೀರು ಬಿಡುವುದನ್ನು ನಿಲ್ಲಿಸಿ. ಸೀಳಿನ ಮೇಲೆ ಟಾರ್ಪಾಲು ಹಾಸಿ, ಛಾವಣಿಯ ನೀರು ಮತ್ತು ಅಂಗಳದ ನೀರು ಆ ಕಡೆ ಹೋಗದಂತೆ ತಿರುಗಿಸಿ. ಗೋಡೆಯ ಅಂಚಿನಲ್ಲಿ ಮಣ್ಣು, ಕಲ್ಲು, ಕುಂಡ ಏನನ್ನೂ ಇಡಬೇಡಿ. ಜೆಸಿಬಿಯನ್ನು ಹತ್ತಿರ ಬಿಡಬೇಡಿ. ಉಬ್ಬಿದ ಗೋಡೆಗೆ ಯಾರೂ ಡ್ರಿಲ್ಲಿಂಗ್ ಯಂತ್ರ ಇಟ್ಟು ತೂತು ಕೊರೆಯಬಾರದು, ಅದರ ಅದುರುವಿಕೆಯೇ ಗೋಡೆಯನ್ನು ಕೆಡವಬಹುದು. ಸ್ಟ್ರಕ್ಚರಲ್ ಇಂಜಿನಿಯರೊಬ್ಬರನ್ನು ಸ್ಥಳಕ್ಕೆ ಕರೆಸಿ. ನಿಮ್ಮೂರಿನಲ್ಲೇ ಇಂಜಿನಿಯರಿಂಗ್ ಕಾಲೇಜಾದ ಎನ್‌ಐಟಿಕೆ ಇದೆ, ಅಲ್ಲಿನ ಸಿವಿಲ್ ವಿಭಾಗದಲ್ಲಿ ವಿಚಾರಿಸಿ. ಮಳೆ ಜೋರಾಗಿ ಉಬ್ಬು ಹೆಚ್ಚಿದರೆ ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ 1077ಕ್ಕೆ ಕರೆಮಾಡಿ. ಸೀಳಿನ ಎರಡೂ ಬದಿಗೆ ಗೂಟ ನೆಟ್ಟು, ನಡುವಿನ ಅಂತರ ಅಳೆದು, ದಿನಾಂಕ ಬರೆದು ಫೋಟೋ ತೆಗೆದಿಡಿ. ನೀವು ಯಾವಾಗ ನೋಡಿದಿರಿ, ಗೋಡೆಯ ಉದ್ದ ಎಷ್ಟು?

ತುಮಕೂರು ಸದಸ್ಯ: ಇದಕ್ಕೆ ಸುಲಭ ಪರಿಹಾರವಿದೆ. ಗೋಡೆಯ ಹೊರಮೈಗೆ ವಾಟರ್‌ಪ್ರೂಫಿಂಗ್ ಬಳಿದು ಬಿರುಕಿಗೆ ಸಿಮೆಂಟ್ ಹಾಲು ಹಾಕಬೇಕು. ಮೇಲೆ ಲಾವಂಚ ನೆಟ್ಟರೆ ಬೇರು ಮಣ್ಣನ್ನು ಹಿಡಿದುಕೊಳ್ಳುತ್ತದೆ. ವಿಡಿಯೋ ನೋಡಿದ್ದೇನೆ.

ಇಂಜಿನಿಯರ್: ಖಂಡಿತ ಮಾಡಬಾರದು. ಈಗ ಕಲ್ಲಿನ ಸಂದಿಗಳಲ್ಲಿ ಜಿನುಗುತ್ತಿರುವ ಅಷ್ಟಿಷ್ಟು ನೀರೇ ಆ ಗೋಡೆಯನ್ನು ನಿಲ್ಲಿಸಿರಬಹುದು. ಅದನ್ನೂ ಮುಚ್ಚಿದರೆ ಒಳಗಿನ ನೀರಿಗೆ ಗೋಡೆಯನ್ನು ತಳ್ಳುವುದೊಂದೇ ದಾರಿ ಉಳಿಯುತ್ತದೆ. ಲಾವಂಚ ಒಳ್ಳೆಯ ಗಿಡ, ಇಳಿಜಾರಿಗೆ ಹೊಂದುತ್ತದೆ, ಆದರೆ ಬೇರು ಆಳಕ್ಕಿಳಿಯಲು ಒಂದೆರಡು ಮಳೆಗಾಲವಾದರೂ ಬೇಕು. ಇಲ್ಲಿ ಅಷ್ಟು ಸಮಯ ಇಲ್ಲ. ಕೆಳಗೆ ಜನ ವಾಸಿಸುತ್ತಿರುವಾಗ ವಿಡಿಯೋ ನೋಡಿ ಸಲಹೆ ಕೊಡಬೇಡಿ.

ಯಲಹಂಕ ಸದಸ್ಯ: ತೋಟದ ಗುತ್ತಿಗೆದಾರರೆಲ್ಲ ಹೀಗೆಯೇ. ಕೆಲಸ ಹಿಡಿಯಲು ಕಡಿಮೆ ಹೇಳುತ್ತಾರೆ, ಅಂಗಳ ಅಗೆದ ಮೇಲೆ ನಾವು ಅವರ ಕೈಯಲ್ಲಿ ಸಿಕ್ಕಿಬೀಳುತ್ತೇವೆ.

ಹೆಸರಘಟ್ಟ ನರ್ಸರಿಯವರು: ಎಲ್ಲರನ್ನೂ ಸೇರಿಸಿ ಮಾತನಾಡಬೇಡಿ ಸರ್. ನಾನು ಈ ಕೆಲಸವನ್ನೇ ಮಾಡುತ್ತೇನೆ. ಮಾಲೀಕರು ಮೂರು ಕೊಟೇಷನ್ ತರಿಸಿ ಎಲ್ಲಕ್ಕಿಂತ ಕಡಿಮೆಯದನ್ನು ಆರಿಸುತ್ತಾರೆ. ಮಣ್ಣಿನ ದಪ್ಪ, ಗಿಡದ ಎತ್ತರ, ಸತ್ತ ಗಿಡವನ್ನು ಬದಲಿಸುವ ಅವಧಿ ಎಲ್ಲವನ್ನೂ ಬರೆದು ಕೊಟ್ಟವರ ಮೊತ್ತ ಸಹಜವಾಗಿ ಹೆಚ್ಚಿರುತ್ತದೆ, ಅವರಿಗೆ ಕೆಲಸ ಸಿಗುವುದಿಲ್ಲ.

ಯಲಹಂಕ ಸದಸ್ಯ: ಹಾಗಾದರೆ ತಪ್ಪು ನಮ್ಮದೇ ಎನ್ನುತ್ತೀರಾ? ನನ್ನ ಮನೆಯಲ್ಲಿ ನಾಲ್ಕಡಿಯ ಸಂಪಿಗೆ ಎಂದು ಬರೆದು ಎರಡಡಿಯದನ್ನು ನೆಟ್ಟರು.

ಹೆಸರಘಟ್ಟ ನರ್ಸರಿಯವರು: ಅದು ಮೋಸ, ಅದನ್ನು ಸಮರ್ಥಿಸುವುದಿಲ್ಲ. ಆದರೆ ಕೆಲಸ ನಡೆಯುತ್ತಿರುವಾಗ ಕೊಳ ಬೇಕು, ದೀಪ ಬೇಕು ಎಂದು ಫೋನಿನಲ್ಲಿ ಹೇಳಿ, ಬಿಲ್ಲು ಬಂದಾಗ ನಾವು ಹೇಳಲೇ ಇಲ್ಲ ಎನ್ನುವವರಿಗೆ ಏನನ್ನಬೇಕು? ನಮ್ಮ ಕೂಲಿಯಾಳುಗಳಿಗೆ ಶನಿವಾರ ಸಂಜೆ ಹಣ ಕೊಡಲೇಬೇಕು.

ಯಲಹಂಕ ಸದಸ್ಯ: ಫೋನಿನಲ್ಲಿ ಹೇಳಿದ್ದನ್ನು ನೀವು ಬರೆದು ಕಳುಹಿಸಬೇಕಿತ್ತು. ಅದು ನಿಮ್ಮ ವೃತ್ತಿ, ನಮ್ಮದಲ್ಲ.

ಹುಬ್ಬಳ್ಳಿ ಸದಸ್ಯ: ಇಬ್ಬರ ಜಗಳದಲ್ಲಿ ನಮ್ಮ ಪ್ರಶ್ನೆ ಮೇಲೆ ಹೋಯಿತು. ದಯವಿಟ್ಟು ಖಾಸಗಿಯಾಗಿ ಮಾತನಾಡಿಕೊಳ್ಳಿ.

ಶಿವಮೊಗ್ಗ ಸದಸ್ಯೆ: ಮೇಡಂ, ಬಿಲ್ಲಿನಲ್ಲಿ ಶೇ. 18 ಜಿಎಸ್‌ಟಿ ಸೇರಿಸಿದ್ದಾರೆ. ಆದರೆ ನೋಂದಣಿ ಸಂಖ್ಯೆ ಹಾಕಿಲ್ಲ. ಕೊಡಬೇಕೇ?

ಇಂಜಿನಿಯರ್: ನೋಂದಣಿ ಇಲ್ಲದವರು ತೆರಿಗೆ ವಸೂಲು ಮಾಡುವಂತಿಲ್ಲ. ಸಂಖ್ಯೆ ಕೇಳಿ, ಜಿಎಸ್‌ಟಿ ಜಾಲತಾಣದಲ್ಲಿ ಹೆಸರು ಹೊಂದುತ್ತದೆಯೇ ನೋಡಿ, ಆಮೇಲೆ ಕೊಡಿ.

ನರ್ಸರಿಯವರ ಮಾತಿನಲ್ಲಿ ಅರ್ಧ ನಿಜವಿದೆ. ನೀವು ಕೇಳಿ ಮಾಡಿಸಿ ಬಳಸುತ್ತಿರುವ ಕೆಲಸಕ್ಕೆ ಬರಹ ಇಲ್ಲವೆಂದು ಹಣ ಕೊಡದೆ ಇರಲಾಗದು. ಕರಾರು ಕಾಯ್ದೆಯ 70ನೇ ಸೆಕ್ಷನ್ ಅವರ ನೆರವಿಗೆ ಬರಬಹುದು. ಉಳಿದರ್ಧಕ್ಕೆ ಯಲಹಂಕದವರು ಹೇಳಿದ್ದೇ ಉತ್ತರ. ಹೆಚ್ಚುವರಿ ಕೆಲಸ ಏನು, ಎಷ್ಟು, ಯಾವ ದರ ಎಂದು ಮೂರು ಸಾಲು ವಾಟ್ಸ್ಆ್ಯಪಿನಲ್ಲಿ ಬರೆದು, ಸರಿ ಎಂಬ ಉತ್ತರ ಬಂದ ಮೇಲೆ ಗುದ್ದಲಿ ಎತ್ತಬೇಕು. ಆ ಸಂದೇಶಗಳನ್ನು ಇಬ್ಬರೂ ಅಳಿಸಬಾರದು.

ಹಾಸನ ಸದಸ್ಯ: ಹಣ ವಾಪಸು ಕೊಡುವವರೆಗೆ ಅವರ ಸಲಕರಣೆ, ಡ್ರಿಪ್ ಪೈಪುಗಳನ್ನು ಗೇಟಿನೊಳಗೆ ಬೀಗ ಹಾಕಿ ಇಟ್ಟುಕೊಂಡಿದ್ದೇನೆ. ಸರಿಯಲ್ಲವೇ?

ಇಂಜಿನಿಯರ್: ಸರಿಯಲ್ಲ. ಪಟ್ಟಿ ಮಾಡಿ, ಸಹಿ ಪಡೆದು, ಸಲಕರಣೆಗಳನ್ನು ವಾಪಸು ಕೊಡಿ. ಪೈಪಿಗೆ ನೀವು ಹಣ ಕೊಟ್ಟಿದ್ದರೆ ಆ ರಸೀದಿಯನ್ನು ಜೋಪಾನ ಮಾಡಿ.

ತುಮಕೂರು ಸದಸ್ಯ: ಪೊಲೀಸರಿಗೆ ವಂಚನೆ ಎಂದು ದೂರು ಕೊಟ್ಟರೆ ಒಂದೇ ದಿನದಲ್ಲಿ ಹಣ ಬರುತ್ತದೆ ಎಂದು ಬಲ್ಲವರು ಹೇಳಿದ್ದಾರೆ.

ಇಂಜಿನಿಯರ್: ಇಲ್ಲ. ಬಿಲ್ಲಿನ ತಕರಾರು ಸಾಮಾನ್ಯವಾಗಿ ಸಿವಿಲ್ ವ್ಯಾಜ್ಯ. ಮೊದಲು ಲಿಖಿತ ನೋಟಿಸ್. ಆಮೇಲೆ ಗ್ರಾಹಕ ಸಹಾಯವಾಣಿ 1915 ಇಲ್ಲವೇ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಹಣ ಐದು ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಹೋಗಬೇಕು. ಸಂದೇಶಗಳನ್ನು ಇಲ್ಲಿಗೆ ತರಬೇಡಿ ಎಂದು ಆಗಲೇ ಹೇಳಿದ್ದೇನೆ.

ತುಮಕೂರು ಸದಸ್ಯ: ನಾನು ಒಳ್ಳೆಯ ಉದ್ದೇಶದಿಂದ ಹಂಚಿದ್ದು. ಇಷ್ಟು ಕಠಿಣವಾಗಿ ಉತ್ತರಿಸುವ ಅಗತ್ಯ ಇರಲಿಲ್ಲ.

ಯಲಹಂಕ ಸದಸ್ಯ: ನಿಮ್ಮ ಮಾತು ಕೇಳಿ ಸುರತ್ಕಲ್‌ನವರು ಗೋಡೆಗೆ ಸಿಮೆಂಟ್ ಬಳಿದಿದ್ದರೆ ಹೊಣೆ ಯಾರದಾಗುತ್ತಿತ್ತು?

ನಿರ್ವಾಹಕರು: ವೈಯಕ್ತಿಕ ಮಾತುಗಳನ್ನು ಇಲ್ಲಿಗೆ ನಿಲ್ಲಿಸಿ.

ಧಾರವಾಡ ಸದಸ್ಯೆ: ಹುಲ್ಲು ಹಳದಿಯಾಗಿದೆ, ಅದಕ್ಕೂ ಹೆಚ್ಚುವರಿ ಹಣ ಕೇಳುತ್ತಿದ್ದಾರೆ. ಇದು ನಿರ್ವಹಣೆಯೊಳಗೆ ಬರುವುದಿಲ್ಲವೇ?

ಹುಬ್ಬಳ್ಳಿ ಸದಸ್ಯ: ಮೇಡಂ, ಎರಡು ಲಕ್ಷದ್ದು ಮೂರು ಲಕ್ಷ ಆದದ್ದಕ್ಕೆ ಉತ್ತರ ಬರಲಿಲ್ಲ.

ಇಂಜಿನಿಯರ್: ನೀವು ಅಳತೆ ಕಳುಹಿಸಿಲ್ಲ. ಸುರತ್ಕಲ್‌ನವರು ಎಲ್ಲಿ? ಮೊದಲು ಅವರು ಉತ್ತರಿಸಲಿ.

ಸುರತ್ಕಲ್ ಸದಸ್ಯ: ಕ್ಷಮಿಸಿ ಮೇಡಂ, ಅಲ್ಲೇ ಇದ್ದೆ. ಪಕ್ಕದವರು ಮುಂದಿನ ಕೋಣೆಗೆ ಹೋಗಿದ್ದಾರೆ, ಟಾರ್ಪಾಲು ಹಾಸಿದ್ದೇವೆ. ಸೀಳನ್ನು ಮೊದಲು ನೋಡಿದ್ದು ಮೊನ್ನೆ. ಗೋಡೆಯ ಉದ್ದ 32 ಅಡಿ. ಸ್ಟ್ರಕ್ಚರಲ್ ಇಂಜಿನಿಯರ್ ಬಂದು ನೋಡಿದರು. ಮೇಲಿನ ಮಣ್ಣನ್ನು ಕೈಯಿಂದಲೇ ಹಂತಹಂತವಾಗಿ ಇಳಿಸಬೇಕು, ಈ ಗೋಡೆಯನ್ನು ಉಳಿಸಿಕೊಳ್ಳಲಾಗದು ಎಂದರು. ಗುತ್ತಿಗೆದಾರರು ಮಾತ್ರ 90,000 ಕೊಟ್ಟರೆ ನಾಳೆಯೇ ತೂತು ಕೊರೆಯುತ್ತೇನೆ ಎಂದು ಹಟ ಹಿಡಿದಿದ್ದಾರೆ.

ಇಂಜಿನಿಯರ್: ಅವರನ್ನು ಗೋಡೆಯ ಹತ್ತಿರ ಬಿಡಬೇಡಿ. ಆ 90,000 ಹೆಚ್ಚುವರಿ ಕೆಲಸವೇ ಅಲ್ಲ. ಮಣ್ಣು ತಡೆಯಲೆಂದು ಕಟ್ಟಿದ ಗೋಡೆಗೆ ನೀರಿನ ದಾರಿ ಬಿಡುವುದು ಆ ಕೆಲಸದ ಒಳಗಿನದೇ. ಬಂದ ಇಂಜಿನಿಯರಿಂದ ಸಹಿ ಮಾಡಿದ ವರದಿ ಪಡೆಯಿರಿ, ಮಣ್ಣು ಇಳಿಸುವ ಮೊದಲು ಗೋಡೆಯ ದಪ್ಪ ಕಾಣುವಂತೆ ಟೇಪು ಇಟ್ಟು ಫೋಟೋ ತೆಗೆಯಿರಿ, ವಕೀಲರಿಂದ ನೋಟಿಸ್ ಕಳುಹಿಸಿ. ಮಣ್ಣು ಇಳಿಸುವ ಕೂಲಿಯವರಿಗೆ ನೀವೇ ನೇರವಾಗಿ ಹಣ ಕೊಟ್ಟು ರಸೀದಿ ಪಡೆಯಿರಿ, ಆ ಹಣವನ್ನು ಆಮೇಲೆ ಗುತ್ತಿಗೆದಾರರಿಂದ ಕೇಳಬಹುದು. ಮಣ್ಣು ಪೂರ್ತಿ ಇಳಿದು ಆ ಇಂಜಿನಿಯರ್ ಒಪ್ಪುವವರೆಗೆ ಪಕ್ಕದವರು ಅಡುಗೆಮನೆಗೆ ಹಿಂತಿರುಗಬಾರದು. ನಾಳೆ ಬೆಳಗ್ಗೆ ಗೂಟಗಳ ನಡುವಿನ ಅಳತೆಯನ್ನು ಇಲ್ಲಿ ಹಾಕಿ.