ಅಪ್‌ಡೇಟ್: ಹಾಸನದಲ್ಲಿ ಅವರ ಅರ್ಜಿ, ಚಿಕ್ಕಮಗಳೂರಿನಲ್ಲಿ ನನ್ನ ಅರ್ಜಿ

ನನ್ನ ಪತಿ ಹಾಸನದಲ್ಲಿ ಪರಿತ್ಯಾಗದ ಕಾರಣ ನೀಡಿ ವಿಚ್ಛೇದನದ ಅರ್ಜಿ ಹಾಕಿದ ಮೂರು ವಾರಗಳ ನಂತರ ನಾನು ಕ್ರೌರ್ಯದ ಕಾರಣ ನೀಡಿ ಚಿಕ್ಕಮಗಳೂರಿನಲ್ಲಿ ಅರ್ಜಿ ಸಲ್ಲಿಸಿದ್ದೆ. ಎರಡನ್ನೂ ಯಾರು ತೀರ್ಮಾನಿಸುತ್ತಾರೆಂದು ಇಲ್ಲಿ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಕೃತಜ್ಞತೆಗಳು.

1955ರ ಹಿಂದೂ ವಿವಾಹ ಕಾಯ್ದೆಯ 21ಎ ಕಲಮಿನ ಪ್ರಕಾರ, ಬೇರೆ ಬೇರೆ ನ್ಯಾಯಾಲಯಗಳಲ್ಲಿ ಇಂತಹ ಅರ್ಜಿಗಳಿದ್ದರೆ ತಡವಾಗಿ ಸಲ್ಲಿಕೆಯಾದದ್ದು ಮೊದಲನೆಯದಿರುವ ನ್ಯಾಯಾಲಯಕ್ಕೆ ವರ್ಗವಾಗಿ ಎರಡೂ ಒಟ್ಟಿಗೇ ವಿಚಾರಣೆಗೆ ಬರುತ್ತವೆ. ಹಾಗೆಯೇ ನನ್ನ ಅರ್ಜಿ ಹಾಸನಕ್ಕೆ ಹೋಯಿತು. ಮೊದಲೇ ತಿಳಿದಿದ್ದರೆ, 23ಎ ಕಲಮಿನಡಿ ಅವರ ಅರ್ಜಿಯಲ್ಲೇ ಪ್ರತಿಹಕ್ಕು ಮಂಡಿಸಿ ಒಂದು ಕಡತದ ಖರ್ಚನ್ನಾದರೂ ಉಳಿಸಬಹುದಿತ್ತು.

ಕಳೆದ ವಾಯಿದೆಯಂದು ಬೇಲೂರಿನ ಮೇಲೆ ಬೆಳಗಿನ ಬಸ್ಸಿನಲ್ಲಿ ಹೋದಾಗ, ಎರಡೂ ಕಡತಗಳನ್ನು ಒಂದೇ ಕೆಂಪು ದಾರದಲ್ಲಿ ಕಟ್ಟಿ ಮೇಜಿನ ಮೇಲಿಟ್ಟಿದ್ದರು. ಇಬ್ಬರಿಗೂ ವಿಚ್ಛೇದನ ಬೇಕೆಂಬುದಷ್ಟೇ ಸಾಲದು, ಪ್ರತಿಯೊಬ್ಬರೂ ತಾವು ಹೇಳಿದ ಕಾರಣವನ್ನು ಸಾಕ್ಷ್ಯದಿಂದ ರುಜುವಾತುಪಡಿಸಬೇಕು ಎಂದು ನಮ್ಮ ವಕೀಲರು ವಿವರಿಸಿದರು. ನನಗೆ ಹೆಚ್ಚು ಸಮಾಧಾನ ತಂದದ್ದು ಇನ್ನೊಂದು ಮಾತು: ಅವರು ತಮ್ಮ ಅರ್ಜಿಯನ್ನು ಹಿಂಪಡೆದರೂ ನನ್ನದು ತಾನಾಗಿ ಬಿದ್ದುಹೋಗುವುದಿಲ್ಲ.

ಪರಸ್ಪರ ಒಪ್ಪಿಗೆಯ 13ಬಿ ದಾರಿಯೂ ತೆರೆದೇ ಇದೆ. ಆದರೆ ಜೀವನಾಂಶದ ಮೊತ್ತ ಇತ್ಯರ್ಥವಾಗದೆ ನಾನು ಸಹಿ ಹಾಕುವುದಿಲ್ಲ. ಸದ್ಯ 24ನೇ ಕಲಮಿನಡಿ ಮಧ್ಯಂತರ ಜೀವನಾಂಶಕ್ಕೂ ವ್ಯಾಜ್ಯದ ಖರ್ಚಿಗೂ ಅರ್ಜಿ ಹಾಕಿದ್ದೇನೆ. ಅದಕ್ಕೆ ಅವರ ಆಕ್ಷೇಪಣೆ ಇನ್ನೂ ಬರಬೇಕಿದೆ.